ಹಲಗೆಯ ಮೇಲೆ ಏನೂ ಇಡಬೇಡಿ

ಎರಡು ಮೂಟೆ ಗೊಬ್ಬರ ತರಬೇಕಿತ್ತು, ಅಷ್ಟೇ. ನನ್ನ ಕಾರಿನಲ್ಲಿ ತಂದರೆ ವಾಸನೆ ಬೇಗ ಬಿಡುವುದಿಲ್ಲ. ಪಕ್ಕದ ಮನೆಯ ಯಜಮಾನರ ಹತ್ತಿರ ಒಂದು ಹಳೇ ಪಿಕಪ್ ಇದೆ; ಹಿಂದೆ ಹೊರೆ ಹೇರುವ ಜಾಗಕ್ಕೆ ಮರದ ಹಲಗೆಯ ನೆಲ. ಕೇಳಿದೆ. ಅವರ ಮುಖ ಸಣ್ಣಗಾಯಿತು.

“ಗೊಬ್ಬರವಾ? ಆ ಹಲಗೆಗಳ ಮೇಲಾ?”

ಆ ಹಲಗೆಗಳನ್ನು ಕೂರಿಸುವಾಗ ಗಾಡಿಯ ಕೆಳಗೆ ಅಂಗಾತ ಮಲಗಿ ಸ್ಪ್ಯಾನರ್ ಹಿಡಿದದ್ದು ನಾನೇ ಎಂಬುದು ಅವರಿಗೆ ಆಗ ನೆನಪಿರಲಿಲ್ಲ.

ಗಾಡಿ 1951ರ ಶೆವ್ರೊಲೆ 3100. ಇಲ್ಲಿ ಅಮೆರಿಕದ ಮಿಷಿಗನ್ ಚಳಿಗಾಲದಲ್ಲಿ ಹಿಮ ಕರಗಲೆಂದು ರಸ್ತೆಗೆ ಸುರಿಯುವ ಉಪ್ಪನ್ನೆಲ್ಲ ಕುಡಿದ ಗಾಡಿ. ಹಳೇ ಬೋಲ್ಟ್ ಬಿಚ್ಚುವುದೇ ಒಂದು ಶಿಕ್ಷೆ. ದುಂಡು ತಲೆ, ಅದರ ಕೆಳಗೆ ಚೌಕದ ಕತ್ತು. ಆ ಚೌಕ ಹಲಗೆಗಳ ನಡುವಿನ ಪಟ್ಟಿಯ ತೂತಿನಲ್ಲಿ ಕಚ್ಚಿಕೊಂಡಿರಬೇಕು. ತುಕ್ಕು ತಿಂದ ಮೇಲೆ ಅದು ಕಚ್ಚುವುದಿಲ್ಲ; ಕೆಳಗೆ ನಟ್ ತಿರುಗಿಸಿದರೆ ಮೇಲೆ ಬೋಲ್ಟೂ ಸುಮ್ನೆ ಜೊತೆಗೇ ತಿರುಗುತ್ತದೆ. ಕೊನೆಗೆ ಗ್ರೈಂಡರ್ ಹಿಡಿದು ಕತ್ತರಿಸಬೇಕು. ನನ್ನ ಕಣ್ಣಿಗೆ ತುಕ್ಕಿನ ಪುಡಿ ಉದುರುತ್ತಿದ್ದರೆ ಮೇಲಿಂದ “ಪೇಂಟ್ ಜೋಪಾನ!” ಎಂಬ ಕೂಗು. ಕಣ್ಣು ಜೋಪಾನ ಅಂತ ಒಮ್ಮೆಯೂ ಬರಲಿಲ್ಲ.

ಕಾರ್ಖಾನೆಯವರು ಹಾಕಿದ್ದದ್ದು ಪೈನ್ ಹಲಗೆ, ಮಧ್ಯೆ ಮಧ್ಯೆ ಕಬ್ಬಿಣದ ಪಟ್ಟಿ. ಒಂದು ಹಲಗೆ ಮುರಿದರೆ ಅದೊಂದನ್ನೇ ಬದಲಾಯಿಸಿ ಮತ್ತೆ ಹೊರೆ ಹೇರು ಎಂಬ ಲೆಕ್ಕ. ಆ ಲೆಕ್ಕ ಎಷ್ಟು ಸರಿಯಿತ್ತೆಂದರೆ ಪಕ್ಕದಲ್ಲಿ ಮೆಟ್ಟಿಲಿರುವ ಇಂಥ ‘ಸ್ಟೆಪ್‌ಸೈಡ್’ ಪಿಕಪ್‌ಗಳಲ್ಲಿ ಮರದ ನೆಲ 1987ರವರೆಗೂ ಬಂತು. ಇವರು ತರಿಸಿದ್ದು ಬಿಳಿ ಓಕ್. ಪಟ್ಟಿಗಳು ಸ್ಟೇನ್‌ಲೆಸ್ ಸ್ಟೀಲ್. ತೇವಕ್ಕೆ ಮರ ಹಿಗ್ಗಿದರೆ ಜಾಗ ಇರಲಿ ಎಂದು ಬೋಲ್ಟಿನ ತೂತನ್ನು ಚೂರು ದೊಡ್ಡದಾಗಿ ಕೊರೆದರು. ಹಲಗೆ ದೋಣಿಯ ಹಾಗೆ ಬಾಗದಿರಲಿ ಎಂದು ಅಡಿಭಾಗಕ್ಕೂ ವಾರ್ನಿಶ್ ಹೊಡೆದರು. ಕೆಲಸ ಚೆನ್ನಾಗಿಯೇ ಆಗಿದೆ, ಇಲ್ಲ ಅನ್ನುವುದಿಲ್ಲ. ಆದರೆ ಈಗ ಅದರ ಮೇಲೆ ಒಂದು ಛತ್ರಿ ಇಡಲೂ ಬಿಡುವುದಿಲ್ಲ. ಹೊರೆ ಹೊರದ ಪಿಕಪ್ ಯಾಕಾದರೂ ಬೇಕು? ಇದರ ಬಗ್ಗೆ ನನ್ನದೊಂದು ಗಟ್ಟಿ ಅಭಿಪ್ರಾಯ ಇದೆ. ಅದಕ್ಕೆ ಮೊದಲು ನಮ್ಮ ಸೋದರಮಾವನ ಲಾರಿ ವಿಷಯ ಹೇಳಬೇಕು.

ಮಾವನ ಊರು ಸಾಗರದ ಹತ್ತಿರ. ಮೂತಿಯ ಮೇಲೆ ಮರ್ಸಿಡಿಸ್ ನಕ್ಷತ್ರ ಇದ್ದ ಹಳೇ ಟಾಟಾ ಲಾರಿ. ಒಮ್ಮೆ ಜಂಬಿಟ್ಟಿಗೆ ಕಲ್ಲು ತುಂಬುವಾಗ ನೆಲದ ಹಲಗೆ ಮುರಿದು ಕಲ್ಲು ಕೆಳಗಿಳಿಯಿತು. ಆಚಾರಿ ಬಂದು ನೋಡಿ, ಮತ್ತಿ ಮರವೇ ಬೇಕು, ಸಿಗುವುದಕ್ಕೆ ವಾರ ಆಗುತ್ತದೆ ಎಂದ. ಕಲ್ಲಿನ ಮಾಲೀಕ ಕಾಯುವವನಲ್ಲ. ಅಟ್ಟದ ಮೇಲೆ ಒಂದು ಹಲಸಿನ ಹಲಗೆ ಇತ್ತು. ಅತ್ತೆ ದೇವರ ಮನೆ ಬಾಗಿಲಿಗೆ ಅಂತ ಒಣಗಲು ಇಟ್ಟಿದ್ದದ್ದು. ಇಟ್ಟು ವರ್ಷಗಳೇ ಆಗಿದ್ದವು. ಅತ್ತೆ ತವರಿಗೆ ಹೋಗಿದ್ದರು. ಮಾವ ಆಚಾರಿಯ ಮುಖ ನೋಡಿದರು. “ನಾನು ನೋಡಿಲ್ಲಪ್ಪ” ಅಂದ ಆಚಾರಿ, ಗರಗಸ ತೆಗೆಯುತ್ತಾ.

ಅತ್ತೆ ಬಂದವರು ಅಟ್ಟ ಹತ್ತಲಿಲ್ಲ. ಹತ್ತುವ ಅಗತ್ಯವೇ ಬೀಳಲಿಲ್ಲ. ಅಂಗಳದಲ್ಲಿ ನಿಂತಿದ್ದ ಲಾರಿಯ ಹಿಂದಿನಿಂದ ಹಳದಿ ಹಲಗೆ ಕಾಣುತ್ತಿತ್ತು. ಏನೂ ಹೇಳಲಿಲ್ಲ. ಆದರೆ ಅವತ್ತಿನಿಂದ ಮಾವ ಊಟಕ್ಕೆ ಕೂತಾಗಲೆಲ್ಲ, ಅದರಲ್ಲೂ ನೆಂಟರು ಇದ್ದರೆ, ಬಡಿಸುತ್ತಾ ಕೇಳುವರು: “ನಮ್ಮ ದೇವರ ಬಾಗಿಲು ಇವತ್ತು ಎಲ್ಲಿಗೆ ಹೋಗಿತ್ತು?” ಮಾವ ಅಷ್ಟೇ ಗಂಭೀರವಾಗಿ “ಹೊಸನಗರಕ್ಕೆ” ಅನ್ನುವರು. ಲಾರಿ ಮಾರುವ ದಿನ ಅತ್ತೆ ಹೊರಗೆ ಬಂದು, ಆ ಹಲಗೆ ಬಿಚ್ಚಿಕೊಟ್ಟು ಗಾಡಿ ತಗೊಂಡು ಹೋಗಿ ಎಂದು ಹಟ ಹಿಡಿದರು. ಕೊಂಡವನು ಕೊಡಲಿಲ್ಲ. ಅದೇ ಗಟ್ಟಿ ಇರೋದು ಅಂದನಂತೆ. ದೇವರ ಮನೆಗೆ ಕೊನೆಗೆ ಪ್ಲೈವುಡ್ ಬಾಗಿಲು ಬಂತು.

ಈ ಕಥೆಯನ್ನು ಪಕ್ಕದ ಮನೆಯವರಿಗೆ ಹೇಳಿದೆ. ಹೊರೆ ಹೊರುವ ಹಲಗೆಯ ಮರ್ಯಾದೆ ಏನೆಂದು ಇದರಿಂದಲಾದರೂ ಗೊತ್ತಾಗಲಿ ಅಂತ. ಗಮನವಿಟ್ಟು ಕೇಳಿದರು. ಕಣ್ಣು ಅರಳಿತು.

“ಹಲಸಿನ ಮರ ಅಷ್ಟು ಹಳದಿಯಾ? ಎಣ್ಣೆ ಹಚ್ಚಿದರೆ ಹೊಳಪು ಬರುತ್ತಾ?”

ಇನ್ನೇನು ಹೇಳುವುದು! ಬರುತ್ತೆ ಅಂದೆ. ಇಲ್ಲಿ ಎಲ್ಲಿ ಸಿಗಬಹುದು ಅಂತ ಅವರು ಫೋನಿನಲ್ಲಿ ಹುಡುಕತೊಡಗಿದರು. ಹಾಗೇ ತಲೆ ಎತ್ತದೆ, ಗಾಡಿಯ ಪಕ್ಕದ ಮೆಟ್ಟಿಲಿನ ಬೋಲ್ಟುಗಳೂ ತುಕ್ಕು ಹಿಡಿದಿವೆ, ಭಾನುವಾರ ನಿಮಗೆ ಬಿಡುವಿದೆಯಾ ಅಂದರು.

ಕನ್ನಡ ಕೂಟದ ಮೀಟಿಂಗ್ ಇದೆ ಎಂದೆ. ಇರಲಿಲ್ಲ. ಇದ್ದಿದ್ದರೂ ನಾನು ಅಲ್ಲಿಗೆ ಹೋಗುವವರ ಪೈಕಿ ಅಲ್ಲ.