ನೆಂಟರಿಗೆ ಹುಲ್ಲು, ಮನೆಯವರಿಗೆ ಪ್ಲಾಸ್ಟಿಕ್

ಕಳೆದ ವರ್ಷ, ಅಂದರೆ 2025ರ ಜುಲೈ 8ರಂದು, ಮಗಳನ್ನು ಕರೆದುಕೊಂಡು ಇಲ್ಲೇ ನ್ಯೂಜೆರ್ಸಿಯ ಮೆಟ್‌ಲೈಫ್ ಸ್ಟೇಡಿಯಂಗೆ ಹೋಗಿದ್ದೆ. ಕ್ಲಬ್ ವಿಶ್ವಕಪ್ ಸೆಮಿಫೈನಲ್. ಇಂಗ್ಲೆಂಡಿನ ಚೆಲ್ಸಿಗೂ ಬ್ರೆಜಿಲ್‌ನ ಫ್ಲುಮಿನೆನ್ಸ್‌ಗೂ ಪಂದ್ಯ. ಟಿಕೆಟ್ ಬೆಲೆ ಕೊನೆ ಗಳಿಗೆಯಲ್ಲಿ ಪಾತಾಳಕ್ಕೆ ಇಳಿದಿದ್ದರಿಂದ ನಮಗೂ ಸಿಕ್ಕಿತು. ಮಧ್ಯಾಹ್ನ ಮೂರು ಗಂಟೆಯ ಸುಡುಬಿಸಿಲು. ಜೊವಾವ್ ಪೆಡ್ರೊ ಎರಡು ಗೋಲು ಹೊಡೆದ, ಚೆಲ್ಸಿ ಗೆದ್ದಿತು. ಮಗಳ ಗಮನ ಮಾತ್ರ ಬೇರೆ ಕಡೆ ಇತ್ತು. ಅರ್ಧ ಆಟ ಮುಗಿಯುವ ಹೊತ್ತಿಗೆ ನನ್ನ ಕೈ ಜಗ್ಗಿ ಹೇಳಿದಳು, "ಅಮ್ಮಾ, ನೋಡು, ಎಷ್ಟು ಸಲ ಜಾರಿ ಬಿದ್ರು. ಒಬ್ಬರ ಕಾಲೂ ಕೆಂಪಾಗಿಲ್ಲ."

ಅವಳಿಗೆ ಹದಿನಾಲ್ಕು ವರ್ಷ. ಊರಿನ ಕ್ಲಬ್ ತಂಡದಲ್ಲಿ ಡಿಫೆಂಡರ್. ವರ್ಷವಿಡೀ ಆಡುವುದು ಟರ್ಫ್ ಮೇಲೆ, ಅಂದರೆ ಪ್ಲಾಸ್ಟಿಕ್‌ನ ಕೃತಕ ಹುಲ್ಲಿನ ಮೇಲೆ. ಆ ಪಂದ್ಯಕ್ಕೆ ಒಂದು ವರ್ಷ ಮೊದಲು, ಆಗಸ್ಟ್‌ನಲ್ಲಿ, ಚೆಂಡು ತಡೆಯಲು ಹೋಗಿ ಜಾರಿದಳು. ತೊಡೆಯ ಪಕ್ಕದಲ್ಲಿ ಅಂಗೈ ಅಗಲ ಚರ್ಮ ಕಿತ್ತುಹೋಯಿತು. ತರಚು ಗಾಯದ ಹಾಗಿರಲಿಲ್ಲ, ಇಸ್ತ್ರಿಪೆಟ್ಟಿಗೆ ತಾಗಿದ ಹಾಗಿತ್ತು. ಹತ್ತು ದಿನ ರಾತ್ರಿಯಿಡೀ ಹಾಸಿಗೆಯ ಬಟ್ಟೆಗೆ ಅಂಟಿಕೊಳ್ಳುತ್ತಿತ್ತು. ಬೆಳಗ್ಗೆ ಎದ್ದು ಉಗುರುಬಿಸಿ ನೀರು ಹಾಕಿ ಹಾಕಿ ಮೆಲ್ಲಗೆ ಬಿಡಿಸಬೇಕಿತ್ತು. ಅವಳು ತುಟಿ ಕಚ್ಚಿಕೊಂಡು ಕೂತಿರುತ್ತಿದ್ದಳು.

ಇನ್ನು ಆ ಕಪ್ಪು ರಬ್ಬರ್ ಕಾಳುಗಳು. ಹಳೇ ಟೈರ್ ಪುಡಿ ಮಾಡಿ ಪ್ಲಾಸ್ಟಿಕ್ ಎಳೆಗಳ ನಡುವೆ ಸುರಿದಿರುತ್ತಾರೆ. ಸಾಸಿವೆಯಷ್ಟು ಗಾತ್ರ. ಶೂ ಬಿಚ್ಚಿದರೆ ಒಂದು ಹಿಡಿ ಸುರಿಯುತ್ತದೆ. ಕಾಲುಚೀಲದಲ್ಲಿ, ವಾಷಿಂಗ್ ಮಷಿನ್ ಬಾಗಿಲಿನ ಸಂದಿಯಲ್ಲಿ, ಕಾರಿನ ಸೀಟಿನಡಿ, ಎಲ್ಲೆಲ್ಲೂ. ಆವತ್ತು ಗಾಯದೊಳಗೇ ಎರಡು ಕಾಳು ಸಿಕ್ಕಿದ್ದವು. ಹಾಗಾಗಿ ಅವಳಿಗೆ ಮೊದಲು ಕಾಣಿಸಿದ್ದು ಆಟಗಾರರ ಕಾಲು.

ಊರಲ್ಲಿರುವ ಗೆಳೆಯರಿಗಾಗಿ ಒಂದು ಮಾತು. ಅಮೆರಿಕದಲ್ಲಿ ಫುಟ್‌ಬಾಲ್ ಅಂದರೆ ಚೆಂಡನ್ನು ಕೈಯಲ್ಲಿ ಹಿಡಿದು ಓಡುವ ಆಟ. ನಮ್ಮ ಫುಟ್‌ಬಾಲ್‌ಗೆ ಇವರು ಸಾಕರ್ ಅಂತಾರೆ. ಇವರ ಫುಟ್‌ಬಾಲ್ ಲೀಗ್ ಎನ್‌ಎಫ್‌ಎಲ್‌ನಲ್ಲಿ 32 ತಂಡಗಳಿವೆ. ಎರಡು ತಂಡಗಳು ಒಂದೇ ಸ್ಟೇಡಿಯಂ ಹಂಚಿಕೊಂಡಿರುವುದು ಎರಡೇ ಕಡೆ: ಲಾಸ್ ಏಂಜಲೀಸ್‌ನ ಸೋಫೈ, ಮತ್ತೆ ನಮ್ಮ ಮೆಟ್‌ಲೈಫ್. ಇಲ್ಲಿ 2010ರಿಂದ ಜೈಂಟ್ಸ್ ಮತ್ತು ಜೆಟ್ಸ್ ಜೊತೆಯಾಗಿ ಸಂಸಾರ ಮಾಡುತ್ತಿವೆ. ಜೈಂಟ್ಸ್ ಪಂದ್ಯವಿದ್ದರೆ ಹೊರಗಿನ ದೀಪಗಳು ನೀಲಿ, ಜೆಟ್ಸ್ ಪಂದ್ಯವಿದ್ದರೆ ಹಸಿರು. ನೆಲ ಮಾತ್ರ ಎರಡಕ್ಕೂ ಒಂದೇ, ಪ್ಲಾಸ್ಟಿಕ್.

ನಾವು ಆವತ್ತು ನೋಡಿದ್ದು ಆ ಪ್ಲಾಸ್ಟಿಕ್ ಮೇಲೆ ಹಾಸಿದ್ದ ನಿಜವಾದ ಹುಲ್ಲು. ದೊಡ್ಡ ದೊಡ್ಡ ಸುರುಳಿಗಳಲ್ಲಿ ತಂದು, ಚಾಪೆ ಬಿಚ್ಚಿದ ಹಾಗೆ ಬಿಚ್ಚಿ, ಒಂದಕ್ಕೊಂದು ಒತ್ತಿ ಕೂರಿಸಿದ್ದು. ಈ ಪಂದ್ಯಗಳಿಗೆ ಫಿಫಾಗೆ ಹುಲ್ಲೇ ಬೇಕು. 2026ರ ವಿಶ್ವಕಪ್‌ಗೆ ಆರಿಸಿದ 16 ಸ್ಟೇಡಿಯಂಗಳಲ್ಲಿ ಎಂಟರಲ್ಲಿ ಮಾಮೂಲಿಯಾಗಿ ಇರುವುದು ಕೃತಕ ಹುಲ್ಲು. ಆ ಎಂಟೂ ಕಡೆ ವಿಶ್ವಕಪ್‌ಗೆ ನಿಜವಾದ ಹುಲ್ಲು ಬರಲೇಬೇಕು. ಜುಲೈ 19ರ ಫೈನಲ್ ಇದೇ ಮೆಟ್‌ಲೈಫ್‌ನಲ್ಲಿ.

ಈಗ ಎರಡು ತಾರೀಕು ನೆನಪಿಟ್ಟುಕೊಳ್ಳಿ. 2025ರ ಜುಲೈ 13ರಂದು ಇಲ್ಲಿ ಚೆಲ್ಸಿ ಪ್ಯಾರಿಸ್‌ನ ಪಿಎಸ್‌ಜಿಯನ್ನು 3–0ಯಿಂದ ಸೋಲಿಸಿ ಕ್ಲಬ್ ವಿಶ್ವಕಪ್ ಎತ್ತಿಕೊಂಡಿತು. ಹುಲ್ಲಿನ ಮೇಲೆ. ಆಮೇಲೆ ಹುಲ್ಲು ಹೋಯಿತು, ಪ್ಲಾಸ್ಟಿಕ್ ಮತ್ತೆ ಹೊರಬಂತು. ಸೆಪ್ಟೆಂಬರ್ 28ರಂದು ಅದೇ ಜಾಗದಲ್ಲಿ ಜೈಂಟ್ಸ್‌ನ ಮಲಿಕ್ ನೇಬರ್ಸ್ ಒಂದು ದೂರದ ಪಾಸ್ ಹಿಡಿಯಲು ಹಾರಿದ. ಕೆಳಗೆ ಬಿದ್ದವನು ಮಂಡಿ ಹಿಡಿದುಕೊಂಡು ಒದ್ದಾಡಿದ. ಬಲಮಂಡಿಯ ಎಸಿಎಲ್, ಅಂದರೆ ಮಂಡಿಯನ್ನು ಒಳಗಿಂದ ಹಿಡಿದಿಡುವ ಲಿಗಮೆಂಟ್, ಹರಿದಿತ್ತು. ಇಪ್ಪತ್ತೆರಡು ವರ್ಷದ ಹುಡುಗ. ಆ ಸೀಸನ್ ಅಲ್ಲಿಗೇ ಮುಗಿಯಿತು. ನಡುವೆ ಇದ್ದದ್ದು ಬರೀ ಎರಡೂವರೆ ತಿಂಗಳು. ಹುಲ್ಲಿದ್ದಿದ್ದರೆ ಹೀಗೆ ಆಗುತ್ತಲೇ ಇರಲಿಲ್ಲ ಅಂತ ಯಾರೂ ಆಣೆ ಮಾಡಿ ಹೇಳಲಾರರು, ನಾನೂ ಹೇಳಲ್ಲ. ಆದರೆ ನೆಂಟರು ಬಂದಾಗ ಬಾಳೆಎಲೆ ಹಾಸಿ, ಅವರು ಹೊರಟ ಕೂಡಲೇ ಮನೆ ಮಕ್ಕಳಿಗೆ ಸೀಳಿದ ಪ್ಲಾಸ್ಟಿಕ್ ತಟ್ಟೆ ಇಟ್ಟರೆ ಹೊಟ್ಟೆ ಉರಿಯುತ್ತದೆ, ಅಲ್ವಾ?

ನೇಬರ್ಸ್ ಒಬ್ಬನೇ ಆಗಿದ್ದರೆ ಸುಮ್ನಿರುತ್ತಿದ್ದೆ. 2020ರ ಸೆಪ್ಟೆಂಬರ್‌ನಲ್ಲಿ ಸ್ಯಾನ್ ಫ್ರಾನ್ಸಿಸ್ಕೊ ತಂಡದ ನಿಕ್ ಬೋಸಾ ಮತ್ತು ಸಾಲೊಮನ್ ಥಾಮಸ್ ಇಬ್ಬರೂ ಒಂದೇ ದಿನ, ಒಂದೇ ಪಂದ್ಯದಲ್ಲಿ, ಇಲ್ಲೇ ಎಸಿಎಲ್ ಹರಿದುಕೊಂಡರು. 2022ರಲ್ಲಿ ಜೈಂಟ್ಸ್‌ನ ಸ್ಟರ್ಲಿಂಗ್ ಶೆಪರ್ಡ್‌ಗೂ ಇಲ್ಲೇ ಅದೇ ಗತಿ, ಯಾರೂ ಮುಟ್ಟಿರಲೇ ಇಲ್ಲ. 2023ರಲ್ಲಿ ಹಳೇ ಟರ್ಫ್ ಕಿತ್ತು ಹೊಸದು ಹಾಕಿದರು. ಆ ವರ್ಷ ಸೆಪ್ಟೆಂಬರ್ 11ರಂದು ಆರನ್ ರಾಡ್ಜರ್ಸ್ ಜೆಟ್ಸ್‌ಗೆ ಮೊದಲ ಪಂದ್ಯ ಆಡಲು ಇಳಿದರು. ಆ ಪಂದ್ಯದಲ್ಲಿ ಚೆಂಡು ಕೈಗೆ ಬಂದ ನಾಲ್ಕನೇ ಸಲಕ್ಕೇ ಎಡಗಾಲಿನ ಹಿಮ್ಮಡಿ ಹಿಂದಿನ ಅಕಿಲೀಸ್ ಟೆಂಡನ್ ಹರಿಯಿತು. ಅವರನ್ನು ಎದುರಾಳಿ ಹಿಡಿದು ಕೆಡವಿದ್ದು ನಿಜ, ವಯಸ್ಸು 39 ಆಗಿದ್ದೂ ನಿಜ. ಆವತ್ತು ನಮ್ಮ ಮನೆಯವರು ಟಿವಿ ಆರಿಸಿ ಎದ್ದುಹೋದರು.

ಎನ್‌ಎಫ್‌ಎಲ್ ಆಟಗಾರರ ಸಂಘ ಇದನ್ನು ಲೆಕ್ಕ ಹಾಕಿಯೇ ಹೇಳಿದೆ. 2012ರಿಂದ 2018ರವರೆಗಿನ ಲೀಗ್‌ನ ಗಾಯದ ದಾಖಲೆ ಮುಂದಿಟ್ಟು, ಆಗ ಸಂಘದ ಅಧ್ಯಕ್ಷರಾಗಿದ್ದ ಜೆ.ಸಿ. ಟ್ರೆಟರ್ 2020ರಲ್ಲಿ ಬರೆದರು: ಯಾರ ಡಿಕ್ಕಿಯೂ ಇಲ್ಲದೆ ಆಗುವ ಕಾಲಿನ ಗಾಯ ಕೃತಕ ಹುಲ್ಲಿನ ಮೇಲೆ ಶೇ. 28ರಷ್ಟು ಜಾಸ್ತಿ. ಪಾದ ಮತ್ತು ಕಣಕಾಲಿನದ್ದು ಶೇ. 69ರಷ್ಟು ಜಾಸ್ತಿ. ಲೀಗ್‌ನವರು ಬೇರೆ ವರ್ಷದ ಅಂಕಿ ತೋರಿಸಿ, ಅಷ್ಟೇನೂ ವ್ಯತ್ಯಾಸ ಇಲ್ಲ ಅಂತಾರೆ. ಅಂಕಿಗಳ ಜಗಳ ಮುಗಿಯುವುದಿಲ್ಲ. ದಿನಾ ಅದರ ಮೇಲೆ ಓಡುವವರೇ ಹುಲ್ಲು ಬೇಕು ಎಂದು ಕೇಳುತ್ತಿರುವಾಗ ನಾನು ಅವರ ಮಾತು ನಂಬುತ್ತೇನೆ.

ಕಾರಣವೂ ಅಂಥ ಕಷ್ಟದ್ದಲ್ಲ. ನಾನು ತಿಪಟೂರಿನಲ್ಲಿ ಓದುವಾಗ ಶಾಲೆಯ ಖೊಖೊ ತಂಡದಲ್ಲಿದ್ದೆ. ಮಳೆಗಾಲದಲ್ಲಿ ಓಡಿಬಂದು ಕಂಬ ಹಿಡಿದು ಗಿರ್ರನೆ ತಿರುಗಿದರೆ ಕಾಲಡಿ ಮಣ್ಣು ಹೆಂಟೆಯಾಗಿ ಕಿತ್ತು ಬರುತ್ತಿತ್ತು. ನಾವು ಬೀಳುತ್ತಿದ್ದೆವು, ನಗುತ್ತಿದ್ದೆವು, ಎದ್ದು ಓಡುತ್ತಿದ್ದೆವು. ನೆಲ ಬಿಟ್ಟುಕೊಟ್ಟರೆ ಕಾಲು ಉಳಿಯುತ್ತದೆ. ಹುಲ್ಲಿನ ಮೇಲೆ ಜೋರಾಗಿ ತಿರುಗಿದಾಗ ಶೂವಿನಡಿಯ ಮೊಳೆಯಂಥ ಸ್ಟಡ್ ಸಿಕ್ಕಿಕೊಂಡರೆ ಬೇರು ಸಮೇತ ಹುಲ್ಲು ಎದ್ದು ಬರುತ್ತದೆ. ಪ್ಲಾಸ್ಟಿಕ್ ಎದ್ದು ಬರುವುದಿಲ್ಲ. ಸ್ಟಡ್ ಅಲ್ಲೇ ಕಚ್ಚಿಕೊಳ್ಳುತ್ತದೆ, ಮೈ ತಿರುಗುತ್ತದೆ, ನೂರು ಕಿಲೋ ಭಾರದ ತಿರುಚು ಪೂರ್ತಿ ಮಂಡಿಯ ಮೇಲೆ ಬೀಳುತ್ತದೆ. ಬಿಸಿಲಲ್ಲಂತೂ ಅದರ ಮೈ 60 ಡಿಗ್ರಿ ದಾಟುತ್ತದೆ. ಜುಲೈನಲ್ಲಿ ಮಗಳ ಅಭ್ಯಾಸಕ್ಕೆ ಹೋದಾಗ ಒಮ್ಮೆ ಚಪ್ಪಲಿ ಬಿಚ್ಚಿ ಕಾಲಿಟ್ಟೆ. ಕಾದ ಕಾವಲಿ.

ಹಾಗಾದರೆ ಹುಲ್ಲು ಯಾಕಿಲ್ಲ? ಕೇಳಿದರೆ ಬರುವ ಮೊದಲ ಉತ್ತರ: ಇದು ಹಂಚಿಕೊಂಡ ಸ್ಟೇಡಿಯಂ, ಎರಡು ತಂಡ ಆಡುತ್ತವೆ, ಹುಲ್ಲಿಗೆ ಚೇತರಿಸಿಕೊಳ್ಳಲು ಬಿಡುವು ಸಿಗಲ್ಲ, ಮೇಲೆ ಇಲ್ಲಿನ ಚಳಿ. ಇದು ಸುಳ್ಳಲ್ಲ. ಇದೇ ಅಂಗಳದಲ್ಲಿ ಮೊದಲಿದ್ದ ಜೈಂಟ್ಸ್ ಸ್ಟೇಡಿಯಂನಲ್ಲಿ 2000ದಲ್ಲಿ ಟ್ರೇಗಳಲ್ಲಿ ಬೆಳೆಸಿದ ಹುಲ್ಲು ತಂದು ಜೋಡಿಸಿದ್ದರು. ಸರಿಹೋಗಲಿಲ್ಲ, 2003ಕ್ಕೆ ಮತ್ತೆ ಕೃತಕ ಹುಲ್ಲು ಬಂತು. ನವೆಂಬರ್ ಆದಮೇಲೆ ಇಲ್ಲಿ ಹುಲ್ಲು ಬೆಳೆಯುವುದೇ ನಿಂತುಹೋಗುತ್ತದೆ. ಕಿತ್ತುಹೋದದ್ದು ಕಿತ್ತುಹೋದ ಹಾಗೇ.

ಆದರೆ ಲೆಕ್ಕ ಹಾಕಿ. ಎರಡೂ ತಂಡ ಸೇರಿ ಆಗಸ್ಟ್‌ನಿಂದ ಜನವರಿ ಮೊದಲ ವಾರದವರೆಗೆ ಇಲ್ಲಿ ಆಡುವುದು ಹೆಚ್ಚುಕಡಿಮೆ ಇಪ್ಪತ್ತು ಪಂದ್ಯ. ಇಲ್ಲಿಂದ ಕಾರಲ್ಲಿ ಎರಡು ಗಂಟೆ ದೂರದ ಫಿಲಡೆಲ್ಫಿಯಾದಲ್ಲಿ ಎನ್‌ಎಫ್‌ಎಲ್‌ನ ಈಗಲ್ಸ್ ಜೊತೆ ಟೆಂಪಲ್ ಯೂನಿವರ್ಸಿಟಿ ತಂಡವೂ ಅದೇ ಸ್ಟೇಡಿಯಂನಲ್ಲಿ ಆಡುತ್ತದೆ. ಹುಲ್ಲಿನ ಮೇಲೆ. ಹವಾಮಾನ ನಮ್ಮದೇ. ಪಿಟ್ಸ್‌ಬರ್ಗ್‌ನಲ್ಲಿ ಸ್ಟೀಲರ್ಸ್ ಮತ್ತು ಪಿಟ್ ಯೂನಿವರ್ಸಿಟಿ ಒಂದೇ ಸ್ಟೇಡಿಯಂ ಹಂಚಿಕೊಂಡಿವೆ. ಅಲ್ಲೂ ಹುಲ್ಲು.

ಪಿಟ್ಸ್‌ಬರ್ಗ್ ಕಥೆ ಸ್ವಲ್ಪ ಹೇಳಲೇಬೇಕು, ಯಾಕೆಂದರೆ ಹುಲ್ಲು ಬೇಡ ಅನ್ನುವವರು ಅದನ್ನೇ ಎತ್ತಿ ತೋರಿಸುತ್ತಾರೆ. 2007ರ ನವೆಂಬರ್. ಶುಕ್ರವಾರ ಒಂದೇ ದಿನ ಹೈಸ್ಕೂಲ್ ತಂಡಗಳ ನಾಲ್ಕು ಫೈನಲ್. ಶನಿವಾರ ಪಿಟ್ ಪಂದ್ಯ. ನೆಲ ಹಾಳಾಗಿತ್ತು. ಅದರ ಮೇಲೇ ಹೊಸ ಹುಲ್ಲಿನ ಹಾಸು ಹೊದಿಸಿದರು. ಆಮೇಲೆ ಮಳೆ ಹೊಯ್ದಿತು. ಸೋಮವಾರ ರಾತ್ರಿ ಸ್ಟೀಲರ್ಸ್ ಮತ್ತು ಮಯಾಮಿ ಆಡಿದ್ದು ನಾಟಿ ಮಾಡುವ ಗದ್ದೆಯಲ್ಲಿ. ಮೇಲಕ್ಕೆ ಒದ್ದ ಚೆಂಡು ಕೆಳಗೆ ಬಂದು, ಪುಟಿಯದೆ, ಮೂತಿ ಕೆಳಗಾಗಿ ಕೆಸರಲ್ಲಿ ನೆಟ್ಟಗೆ ನಿಂತುಬಿಟ್ಟಿತು. ಸ್ಕೋರ್ 3–0. ಇಡೀ ದೇಶ ನೋಡಿತು. ಅಷ್ಟಾದ ಮೇಲೂ ಪಿಟ್ಸ್‌ಬರ್ಗ್‌ನವರು ಪ್ಲಾಸ್ಟಿಕ್ ತರಲಿಲ್ಲ. ಹುಲ್ಲು ಹಾಳಾದರೆ ಬದಲಾಯಿಸುತ್ತಾರೆ, ಮತ್ತೆ ಹಾಳಾದರೆ ಮತ್ತೆ ಬದಲಾಯಿಸುತ್ತಾರೆ. ಕೆಲಸ ಜಾಸ್ತಿ, ಖರ್ಚು ಜಾಸ್ತಿ. ಅದನ್ನು ಒಪ್ಪಿಕೊಂಡೇ ಮಾಡುತ್ತಿದ್ದಾರೆ. ನನಗೆ ಅವರ ಮೇಲೆ ತುಂಬಾ ಗೌರವ.

ಇಟಲಿಯ ಮಿಲಾನ್‌ನಲ್ಲಿ ಎಸಿ ಮಿಲಾನ್ ಮತ್ತು ಇಂಟರ್ ಎರಡೂ ಸ್ಯಾನ್ ಸಿರೋ ಸ್ಟೇಡಿಯಂನಲ್ಲೇ ಆಡುತ್ತವೆ. ಒಂದೊಂದು ತಂಡಕ್ಕೂ ಲೀಗ್‌ನಲ್ಲೇ 19 ತವರು ಪಂದ್ಯ, ಕಪ್ ಮತ್ತು ಯುರೋಪಿನ ಪಂದ್ಯ ಬೇರೆ. ಮೇಲಿನ ಚಾವಣಿಯಿಂದ ಬಿಸಿಲು ಬೀಳದೆ ಅಲ್ಲಿನ ಹುಲ್ಲು ವರ್ಷಗಟ್ಟಲೆ ಕೊಳೆಯುತ್ತಿತ್ತು. ಕೊನೆಗೆ ಹೈಬ್ರಿಡ್ ನೆಲಕ್ಕೆ ಬದಲಾದರು. ಹೈಬ್ರಿಡ್ ಅಂದರೆ ಬೆಳೆಯುವುದು ಹುಲ್ಲೇ. ಬೇರು ಹಿಡಿದುಕೊಳ್ಳಲಿ ಅಂತ ನೆಲಕ್ಕೆ ಪ್ಲಾಸ್ಟಿಕ್ ದಾರವನ್ನೂ ಸೇರಿಸಿರುತ್ತಾರೆ. ಒಂದು ಬಗೆಯಲ್ಲಿ ಅದನ್ನು ಸುಮಾರು 20 ಸೆಂಟಿಮೀಟರ್ ಆಳಕ್ಕೆ ಹೊಲಿಯುತ್ತಾರೆ. ಸಾಕರ್ ಆಟಗಾರರು ಹಗುರ, ಅಮೆರಿಕನ್ ಫುಟ್‌ಬಾಲ್‌ನಲ್ಲಿ 140 ಕಿಲೋದವರು ಒಬ್ಬರನ್ನೊಬ್ಬರು ತಳ್ಳುತ್ತಾರೆ, ಹೋಲಿಕೆ ಪೂರ್ತಿ ಸರಿಯಲ್ಲ. ಆದರೆ ಎನ್‌ಎಫ್‌ಎಲ್ ಪಂದ್ಯ ನಡೆಯುವ ಗ್ರೀನ್ ಬೇಯ ಲ್ಯಾಂಬೊ ಫೀಲ್ಡ್ ನಮಗಿಂತ ಎಷ್ಟೋ ಹೆಚ್ಚು ಚಳಿಯ ಜಾಗ. ಅಲ್ಲಿ ಇಂಥದೇ ಹೈಬ್ರಿಡ್ ನೆಲದ ಅಡಿಯಲ್ಲಿ ಬಿಸಿ ಮಾಡುವ ಪೈಪ್ ಹಾಕಿ ಆಡಿಸುತ್ತಿಲ್ವಾ?

ನನ್ನನ್ನು ಇನ್ನೂ ಹೆಚ್ಚು ಕಾಡಿದ್ದು ಲಾಸ್ ವೇಗಸ್. 2020ರಲ್ಲಿ ತೆರೆದ ಅಲೀಜಿಯಂಟ್ ಸ್ಟೇಡಿಯಂನಲ್ಲಿ ರೈಡರ್ಸ್ ತಂಡ ಮತ್ತು ಅಲ್ಲಿನ ಯೂನಿವರ್ಸಿಟಿ ತಂಡ ಎರಡೂ ಆಡುತ್ತವೆ. ಇಡೀ ಹುಲ್ಲಿನ ಮೈದಾನವನ್ನು ಒಂದು ದೊಡ್ಡ ಟ್ರೇಯಲ್ಲಿಟ್ಟು ಬಿಸಿಲಿಗೆ ಹೊರಗೆ ತಳ್ಳುತ್ತಾರೆ, ಪಂದ್ಯವಿದ್ದಾಗ ಒಳಗೆ ಎಳೆಯುತ್ತಾರೆ. ನೋಡಲು ಅದ್ಭುತ. ಆದರೆ ಆ ಹುಲ್ಲು ರೈಡರ್ಸ್‌ಗೆ. ಕಾಲೇಜು ಹುಡುಗರು ಆಡುವುದು ಕೃತಕ ಹುಲ್ಲಿನ ಮೇಲೆ. ಹುಲ್ಲು ಬಾಗಿಲಾಚೆಯೇ ಇದೆ. ಹಂಚಿಕೊಳ್ಳುವುದು ಅಂದರೆ ಇದಾ?

ಶಾರ್ಲೆಟ್‌ನಲ್ಲಿ ಇನ್ನೂ ಬೇಜಾರಿನ ಸಂಗತಿ ನಡೆಯಿತು. ಅಲ್ಲಿನ ಎನ್‌ಎಫ್‌ಎಲ್ ತಂಡ ಪ್ಯಾಂಥರ್ಸ್ ಶುರುವಿನಿಂದಲೂ ಹುಲ್ಲಿನ ಮೇಲೆ ಆಡುತ್ತಿದ್ದರು. 2022ರಲ್ಲಿ ಸಾಕರ್ ತಂಡ ಬರುವುದಿತ್ತು. 2021ರಲ್ಲೇ ಹುಲ್ಲು ಕಿತ್ತು ಟರ್ಫ್ ಹಾಕಿದರು.

ಬೆಂಗಳೂರಿನ ಗೆಳೆಯರು ಕೇಳಬಹುದು, ನಮ್ಮ ಅಶೋಕನಗರದ ಫುಟ್‌ಬಾಲ್ ಸ್ಟೇಡಿಯಂನಲ್ಲೂ ಕೃತಕ ಹುಲ್ಲಲ್ವಾ ಅಂತ. ಹೌದು. ಬೆಂಗಳೂರು ಎಫ್‌ಸಿ 2013–14ರ ಮೊದಲ ಸೀಸನ್‌ನಲ್ಲೇ ಐ-ಲೀಗ್ ಗೆದ್ದಾಗ ತವರು ಪಂದ್ಯ ಆಡಿದ್ದು ಅಲ್ಲೇ. ಮರುವರ್ಷ ಕಂಠೀರವದ ಹುಲ್ಲಿಗೆ ಹೋದರು. ಆದರೆ ಅಶೋಕನಗರದ್ದು ಬೇರೆ ಮಾತು. ಸೂಪರ್ ಡಿವಿಷನ್‌ನಿಂದ ಹಿಡಿದು ಕೆಳಗಿನ ಡಿವಿಷನ್‌ಗಳವರೆಗೆ ಎಷ್ಟೊಂದು ಕ್ಲಬ್‌ಗಳಿಗೆ ಅದೊಂದೇ ಅಂಗಳ. ಒಂದೇ ದಿನ ಒಂದರ ಹಿಂದೆ ಒಂದು ಪಂದ್ಯ ನಡೆದರೆ ಯಾವ ಹುಲ್ಲೂ ತಡೆಯುವುದಿಲ್ಲ. ಅಲ್ಲಿ ಹುಲ್ಲು ಹಾಕಿದರೆ ಚಿಕ್ಕ ಕ್ಲಬ್‌ನ ಹುಡುಗರಿಗೆ ಮೈದಾನವೇ ಸಿಗಲ್ಲ. ನನ್ನ ಮಗಳ ಊರಿನ ಪಾರ್ಕಿಗೂ ಇದೇ ಮಾತು ಅನ್ವಯಿಸುತ್ತದೆ. ಅವಳ ಗಾಯ ನೋಡಿದ ಮೇಲೂ ಆ ಟರ್ಫ್ ಕಿತ್ತುಹಾಕಿ ಅಂತ ನಾನು ಕೇಳಿಲ್ಲ. ಬೇರೆ ದಾರಿ ಇಲ್ಲದ ಕಡೆ ಟರ್ಫ್ ಇರಲಿ. ದಾರಿಯೂ ಇದ್ದು, ದುಡ್ಡೂ ಇದ್ದು, ತಿಂಗಳಿಗೆ ನಾಲ್ಕೈದು ಪಂದ್ಯ ನಡೆಯುವ ಕಡೆ ಯಾಕಿರಬೇಕು?

ಇನ್ನೊಂದು ವಿಷಯ. ನೆಂಟರಿಗೆ ಹಾಸುವ ಹುಲ್ಲೂ ಅಂಥ ಚೆನ್ನಾಗೇನೂ ಇರುವುದಿಲ್ಲ. ಕ್ಲಬ್ ವಿಶ್ವಕಪ್‌ನಲ್ಲಿ ಸಿಯಾಟಲ್‌ನ ನೆಲ ನೋಡಿ ಪಿಎಸ್‌ಜಿ ಕೋಚ್ ಲೂಯಿಸ್ ಎನ್ರಿಕೆ, ಚೆಂಡು ಮೊಲದ ಹಾಗೆ ಕುಪ್ಪಳಿಸುತ್ತದೆ ಎಂದಿದ್ದರು. ಅಲ್ಲೂ ಟರ್ಫ್ ಇರುವ ಸ್ಟೇಡಿಯಂಗೆ ಹುಲ್ಲು ತಂದು ಹಾಸಿದ್ದು. ಹುಲ್ಲಿಗೆ ಬೇರು ಬಿಡಲು ಸಮಯ ಬೇಕು, ಕೆಳಗೆ ಮರಳು ಬೇಕು, ನೀರು ಬಸಿದುಹೋಗಲು ದಾರಿ ಬೇಕು. ಕೆಲವು ದಿನಕ್ಕಾಗಿ ತಂದದ್ದು ಕಂಬಳಿಯ ಹಾಗೆ ಮೇಲೆ ಬಿದ್ದಿರುತ್ತದೆ ಅಷ್ಟೇ. ಖಾಯಂ ಹುಲ್ಲು ಇದ್ದಿದ್ದರೆ ನೆಂಟರಿಗೂ ಒಳ್ಳೆಯ ಊಟ ಸಿಗುತ್ತಿತ್ತು.

ಮಗಳಿಗೆ ಈ ಹುಲ್ಲಿನ ವಿಷಯ ಬೇರೆ ಥರ ತಟ್ಟಿತು. 2015ರ ಮಹಿಳಾ ವಿಶ್ವಕಪ್ ಕೆನಡಾದಲ್ಲಿ ಪೂರ್ತಿ ಕೃತಕ ಹುಲ್ಲಿನ ಮೇಲೆ ನಡೆದಿತ್ತು. ಗಂಡಸರ ವಿಶ್ವಕಪ್ ಇವತ್ತಿನವರೆಗೆ ಹಾಗೆ ನಡೆದಿಲ್ಲ. ಅಮೆರಿಕದ ಆ್ಯಬಿ ವಾಂಬಾಕ್ ಮತ್ತು ಇತರ ಆಟಗಾರ್ತಿಯರು 2014ರಲ್ಲಿ ಕೆನಡಾದಲ್ಲಿ ದೂರು ಕೊಟ್ಟರು. ಕೊನೆಗೆ ಅದನ್ನು ಹಿಂದೆ ತೆಗೆದುಕೊಂಡು ಆಡಬೇಕಾಯಿತು. ಅಮೆರಿಕದ ಇನ್ನೊಬ್ಬ ಆಟಗಾರ್ತಿ ಸಿಡ್ನಿ ಲರೂ ತನ್ನ ಎರಡೂ ಕಾಲಿನ ರಕ್ತಗಾಯದ ಫೋಟೋ ಹಾಕಿದ್ದಳು. ಆ ಫೋಟೋ ಮಗಳು ಫೋನಲ್ಲಿ ತೋರಿಸಿದಾಗ ನಾನು ತುಂಬಾ ಹೊತ್ತು ಮಾತಾಡಲಿಲ್ಲ. ಮನೆಯಲ್ಲಿ ದಿನಾ ಬೆಳಗ್ಗೆ ನೋಡಿದ ಗಾಯ ಅದು.

ಯುರೋಪಿನಲ್ಲಿ ಗಾಳಿ ತಿರುಗಿದೆ. ರಬ್ಬರ್ ಕಾಳುಗಳು ಮಣ್ಣು, ನೀರು ಸೇರುತ್ತವೆ ಅಂತ ಯುರೋಪಿಯನ್ ಒಕ್ಕೂಟ 2023ರಲ್ಲೇ ಅದರ ಮಾರಾಟ ನಿಲ್ಲಿಸುವ ನಿಯಮ ತಂದಿದೆ, ಎಂಟು ವರ್ಷ ಗಡುವು ಕೊಟ್ಟು. ನೆದರ್ಲೆಂಡ್ಸ್‌ನ ಮೇಲ್ಮಟ್ಟದ ಲೀಗ್ 2025–26ರಿಂದ ಕೃತಕ ಹುಲ್ಲನ್ನೇ ಬಿಟ್ಟಿತು. ಮಳೆ, ಮೋಡ, ಚಳಿಯ ದೇಶ ಅದು.

ನಾನು ಕೇಳುವುದು ಒಂದೇ. ಜುಲೈ 19ರ ಫೈನಲ್ ಆದಮೇಲೆ ಮೆಟ್‌ಲೈಫ್‌ನ ಹುಲ್ಲು ಅಲ್ಲೇ ಇರಲಿ. ಬೇಕಾದರೆ ಹೈಬ್ರಿಡ್ ಮಾಡಿ, ನವೆಂಬರ್‌ನಲ್ಲಿ ಒಮ್ಮೆ ಪೂರ್ತಿ ಬದಲಾಯಿಸಿ. ಬೇಸಿಗೆಯ ಸಂಗೀತ ಕಾರ್ಯಕ್ರಮಗಳಿಂದ ಬರುವ ದುಡ್ಡಲ್ಲಿ ಒಂದು ಪಾಲು ಇದಕ್ಕೆ ಎತ್ತಿಡಿ. ಜೈಂಟ್ಸ್, ಜೆಟ್ಸ್ ಸೀಸನ್ ಟಿಕೆಟ್ ಇರುವ ನಮ್ಮ ಕನ್ನಡದವರು ಎಡಿಸನ್, ಪಾರ್ಸಿಪನಿ ಕಡೆ ಎಷ್ಟೋ ಜನ ಇದ್ದೀರಿ. ತಂಡಕ್ಕೆ ನಾಲ್ಕು ಸಾಲು ಬರೆಯಿರಿ. ಟಿಕೆಟ್ ಕೊಳ್ಳುವವರ ಮಾತಿಗೆ ಅಲ್ಲಿ ಬೆಲೆ ಇರುತ್ತದೆ.

ನಾನು ಎರಡೂ ತಂಡಗಳಿಗೆ ಮೊನ್ನೆ ರಾತ್ರಿ ಬರೆದೆ. ಕಳಿಸುವ ಮುಂಚೆ ಮಗಳು ಓದಿ, "ಅಮ್ಮ, ನನ್ನ ಕಾಲಿನ ಫೋಟೋನೂ ಹಾಕು" ಅಂದಳು. ಹಾಕಿದ್ದೇನೆ.