ಮೂರು ಪರ್ಸೆಂಟ್ ಕಳ್ಳರು

ನಾನು ಕಳ್ಳನಂತೆ. ಹೇಳಿದ್ದು ಪೊಲೀಸರಲ್ಲ, ಒಂದು ಗೇಮ್.

ಮೊನ್ನೆ ರಾತ್ರಿ ಊಟ ಮುಗಿಸಿ, ಹೆಡ್‌ಫೋನ್ ಏರಿಸಿಕೊಂಡು ಪ್ಲೇ ಬಟನ್ ಒತ್ತಿದೆ. ಲೋಗೋ ಬಂತು. ಢಂ ಅಂತ ಮ್ಯೂಸಿಕ್ ಬಂತು. ಅಷ್ಟರಲ್ಲಿ ಸ್ಕ್ರೀನಿನ ನಟ್ಟನಡುವೆ ಒಂದು ಬೂದು ಬಣ್ಣದ ಡಬ್ಬಿ. ನಿಮ್ಮ ಸಿಸ್ಟಂ ನಂಬುವಂಥದ್ದಲ್ಲ, ಗೇಮ್ ಮುಚ್ಚುತ್ತಿದ್ದೇವೆ ಅಂತ ಎರಡು ಸಾಲು. ಕೆಳಗೆ ಒಂದೇ ಬಟನ್: ಓಕೆ. ನನಗೆ ಓಕೆ ಅಲ್ಲ ಅನ್ನೋದಕ್ಕೆ ಬಟನ್ ಇರಲಿಲ್ಲ. ಸುಮ್ನೆ ಅದನ್ನೇ ಒತ್ತಿದೆ.

ಹಿಂದಿನ ದಿನದವರೆಗೂ ಇದೇ ಗೇಮ್ ಇದೇ ಮಷಿನ್‌ನಲ್ಲಿ ಓಡುತ್ತಿತ್ತು. ನನ್ನ ಆಟದ ಮಟ್ಟವನ್ನೂ ಹೇಳಿಬಿಡುತ್ತೇನೆ. ಹತ್ತು ಮ್ಯಾಚ್ ಆಡಿದರೆ ಒಂಬತ್ತರಲ್ಲಿ ಮೊದಲು ಸಾಯುವವನು ನಾನೇ. ಹತ್ತನೆಯದರಲ್ಲಿ ನೆಟ್ ಹೋಗಿರುತ್ತದೆ. ಮೋಸ ಮಾಡಿಯೂ ಇಷ್ಟು ಕೆಟ್ಟದಾಗಿ ಆಡುವವನಿದ್ದರೆ ಅವನನ್ನು ಓಡಿಸಬಾರದು, ಕೂರಿಸಿ ಸಮಾಧಾನ ಹೇಳಬೇಕು.

ನನ್ನ ತಪ್ಪು ಒಂದೇ. ನನ್ನ ಕಂಪ್ಯೂಟರ್‌ನಲ್ಲಿ ಇರುವುದು ವಿಂಡೋಸ್ ಅಲ್ಲ, ಲಿನಕ್ಸ್ ಅನ್ನುವ ಇನ್ನೊಂದು ಆಪರೇಟಿಂಗ್ ಸಿಸ್ಟಂ.

ಆಂಟಿ-ಚೀಟ್ ಅಂದರೆ ಗೊತ್ತಲ್ವಾ? ಆನ್‌ಲೈನ್ ಗೇಮ್‌ಗಳ ಕಾವಲುಗಾರ. ಗೋಡೆಯಾಚೆ ನಿಂತವರನ್ನು ತೋರಿಸುವ ವಾಲ್‌ಹ್ಯಾಕ್, ತಾನೇ ಗುರಿ ಹಿಡಿಯುವ ಏಮ್‌ಬಾಟ್, ಇವನ್ನೆಲ್ಲ ಪತ್ತೆ ಮಾಡುವುದು ಅವನ ಕೆಲಸ. ಮಾಡಲಿ, ಬೇಡ ಅಂದವರಾರು? ಮೊದಲು ಅವನು ಬಾಗಿಲ ಹೊರಗೆ ಸ್ಟೂಲ್ ಹಾಕಿಕೊಂಡು ಕೂರುತ್ತಿದ್ದ. ಆಮೇಲೆ ಹಾಲ್‌ಗೆ ಬಂದ. ಈಗ ಅವನಿಗೆ ಕರ್ನೆಲ್ ಬೇಕಂತೆ. ಕರ್ನೆಲ್ ಅಂದರೆ ಆಪರೇಟಿಂಗ್ ಸಿಸ್ಟಂನ ಗರ್ಭಗುಡಿ. ಮೆಮೊರಿ, ಡಿಸ್ಕ್, ಕೀಬೋರ್ಡ್ ಎಲ್ಲದರ ಲಗಾಮೂ ಅಲ್ಲೇ ಇರುವುದು. ಇಸ್ಪೀಟು ಆಡಲು ಬಂದವನು ಬೀರುವಿನ ಬೀಗದಕೈ ಕೇಳಿದ ಹಾಗೆ. ಯಾಕಪ್ಪಾ ಅಂದರೆ, 'ನೀವು ಎಲೆ ಬಚ್ಚಿಟ್ಟಿಲ್ಲ ಅಂತ ನೋಡ್ಕೋಬೇಕು ಸಾರ್' ಅನ್ನುತ್ತಾನೆ. 2020ರಲ್ಲಿ ವ್ಯಾಲೊರಂಟ್ ಗೇಮ್ ಜೊತೆ ಬಂದ ರಯಟ್ ಕಂಪನಿಯ ವ್ಯಾನ್‌ಗಾರ್ಡ್ ಇನ್ನೂ ಶಿಸ್ತಿನವನು. ವಿಂಡೋಸ್ ಕಣ್ಣು ಬಿಡುವಾಗಲೇ ಅವನೂ ಎದ್ದು ಕೂರುತ್ತಾನೆ. ನೀವು ಆಟಕ್ಕಲ್ಲ, ರಜಾ ಅರ್ಜಿ ಟೈಪ್ ಮಾಡಲು ಕೂತಿದ್ದರೂ ಪಕ್ಕದಲ್ಲೇ ಇರುತ್ತಾನೆ.

ವಿಂಡೋಸ್‌ನವರು ಯೆಸ್ ಒತ್ತಿ ಬೀಗದಕೈ ಕೊಟ್ಟುಬಿಡುತ್ತಾರೆ. ನಮ್ಮಲ್ಲಿ ಕೊಡೋಣ ಅಂದರೂ ಆಗುವುದಿಲ್ಲ. ಲಿನಕ್ಸ್‌ನಲ್ಲಿ ವಿಂಡೋಸ್ ಗೇಮ್ ಓಡಿಸುವುದು ಪ್ರೋಟಾನ್ ಅನ್ನುವ ದುಭಾಷಿ. 1993ರಲ್ಲಿ ಶುರುವಾದ ವೈನ್ ಅನ್ನುವ ಹಳೆಯ ಸಾಫ್ಟ್‌ವೇರ್ ಮೇಲೆ ಸ್ಟೀಮ್ ಅನ್ನುವ ಆನ್‌ಲೈನ್ ಗೇಮ್ ಅಂಗಡಿ ನಡೆಸುವ ವಾಲ್ವ್ ಕಂಪನಿ ಇದನ್ನು ಕಟ್ಟಿ 2018ರ ಆಗಸ್ಟ್‌ನಲ್ಲಿ ಬಿಟ್ಟಿತು. ಗೇಮ್ ವಿಂಡೋಸ್ ಭಾಷೆಯಲ್ಲಿ ಏನೋ ಕೇಳುತ್ತದೆ, ಪ್ರೋಟಾನ್ ಅದನ್ನು ಲಿನಕ್ಸ್‌ಗೆ ಹೇಳುತ್ತದೆ, ಉತ್ತರ ತಂದು ಕೊಡುತ್ತದೆ. ಪಾಪ ಗೇಮ್‌ಗೆ ತಾನು ಎಲ್ಲಿದ್ದೇನೆ ಅಂತಲೇ ಗೊತ್ತಾಗುವುದಿಲ್ಲ. ಸಾವಿರಾರು ಗೇಮ್‌ಗಳು ಹೀಗೇ ಸುಖವಾಗಿ ಓಡುತ್ತಿವೆ. ಆದರೆ ಕಾವಲುಗಾರ ಬಂದು ಗರ್ಭಗುಡಿ ಎಲ್ಲಿ ಅಂತ ಕೇಳಿದಾಗ ದುಭಾಷಿ ತಲೆ ಕೆರೆದುಕೊಳ್ಳುತ್ತಾನೆ. ಇಲ್ಲಿರುವ ಗರ್ಭಗುಡಿಯೇ ಬೇರೆ, ಇವನು ತಂದ ಡ್ರೈವರ್ (ಕರ್ನೆಲ್ ಒಳಗೆ ಕೂರುವ ಪ್ರೋಗ್ರಾಂ) ಅದರ ಬಾಗಿಲಿಗೆ ಹೊಂದುವುದೇ ಇಲ್ಲ. ಅಲ್ಲಿಗೆ ನಾವು ಕಳ್ಳರು.

2024ರ ಅಕ್ಟೋಬರ್ 31ರಂದು ಇಎ ಕಂಪನಿ ಏಪೆಕ್ಸ್ ಲೆಜೆಂಡ್ಸ್‌ನಿಂದ ಲಿನಕ್ಸ್‌ನವರನ್ನೆಲ್ಲ ಒಂದೇ ಸಲಕ್ಕೆ ಆಚೆ ಹಾಕಿತು. ವಾಲ್ವ್ ಮಾಡಿದ ಅಂಗೈ ಗೇಮ್ ಯಂತ್ರ ಸ್ಟೀಮ್ ಡೆಕ್ ಹಿಡಿದು ಹಾಸಿಗೆಯಲ್ಲಿ ಬಿದ್ದುಕೊಂಡು ಆಡುತ್ತಿದ್ದವರೂ ಹೋದರು, ಯಾಕಂದರೆ ಅದರೊಳಗಿರುವುದೂ ಲಿನಕ್ಸೇ. ನಿಜವಾದ ಡೆಕ್ ಯಾವುದು, ಡೆಕ್ ವೇಷ ಹಾಕಿದ ಮೋಸಗಾರ ಯಾರು ಅಂತ ಗುರುತು ಹಿಡಿಯಲಾಗುತ್ತಿಲ್ಲ ಅಂತ ಕಾರಣ ಕೊಟ್ಟರು. ಸುಳ್ಳು ಅನ್ನಲಾರೆ. ಲಿನಕ್ಸ್‌ನಲ್ಲೂ ಮೋಸ ಮಾಡುವವರು ಇದ್ದಾರೆ, ನಾವೇನು ಋಷಿಗಳಲ್ಲ. ಆದರೆ ವಿಂಡೋಸ್‌ನಲ್ಲಿ ಮೋಸಗಾರ ಸಿಕ್ಕರೆ ಅವನೊಬ್ಬನ ಅಕೌಂಟ್ ಬ್ಯಾನ್. ಲಿನಕ್ಸ್‌ನಲ್ಲಿ ಸಿಕ್ಕರೆ ಕೇರಿಗೆ ಕೇರಿಯೇ ಖಾಲಿ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದರು ಅನ್ನುತ್ತಾರಲ್ಲ, ಇಲ್ಲಿ ಕೊಟ್ಟಿಗೆಗೇ ಬೀಗ.

ಜಿಟಿಎ ಆನ್‌ಲೈನ್ ಕಥೆ ಇದಕ್ಕಿಂತ ಚೆಂದ. 2024ರ ಸೆಪ್ಟೆಂಬರ್‌ನಲ್ಲಿ ರಾಕ್‌ಸ್ಟಾರ್ ಅದಕ್ಕೆ ಬ್ಯಾಟಲ್‌ಐ ಅನ್ನುವ ಕಾವಲುಗಾರನನ್ನು ತಂದಿತು. ಆ ಗೇಮ್ ಪಿಸಿಗೆ ಬಂದದ್ದು 2015ರಲ್ಲಿ. ಒಂಬತ್ತು ವರ್ಷ ಮೋಸಗಾರರು ಆಕಾಶದಿಂದ ದುಡ್ಡು ಸುರಿಸಿದರು, ಕಂಡವರನ್ನೆಲ್ಲ ಸ್ಫೋಟಿಸಿದರು. ಊರು ಕೊಳ್ಳೆ ಹೋದ ಮೇಲೆ ದಿಡ್ಡಿ ಬಾಗಿಲು ಹಾಕಿದರು, ಹಾಕಿದ ಮೇಲೆ ಹೊರಗೆ ಉಳಿದವರು ನಾವು. ಸ್ಟೀಮ್ ಡೆಕ್‌ನಲ್ಲಿ ಈ ಬ್ಯಾಟಲ್‌ಐ ಕೆಲಸ ಮಾಡುವುದಿಲ್ಲ ಅಂದರು. ಬ್ಯಾಟಲ್‌ಐ ಮಾಡಿದವರು 2021ರಲ್ಲೇ ಪ್ರೋಟಾನ್‌ಗೆ ಸಪೋರ್ಟ್ ಇದೆ, ಗೇಮ್ ಕಂಪನಿ ಒಂದು ಮಾತು ಹೇಳಿದರೆ ಸಾಕು ಅಂದಿದ್ದರು. ಆ ಒಂದು ಮಾತು ಇನ್ನೂ ಬಂದಿಲ್ಲ. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ.

ಎಪಿಕ್ ಕಂಪನಿಯದ್ದು ಬಿಡಿ, ಅದು ಬೇರೆಯೇ ನಾಟಕ. ಈಸಿ ಆಂಟಿ-ಚೀಟ್ ಅನ್ನುವ ಕಾವಲುಗಾರ ಅವರ ಮನೆಯವನೇ. 2021ರಲ್ಲಿ ಅವನನ್ನು ಪ್ರೋಟಾನ್‌ಗೆ ಒಗ್ಗಿಸಿದವರೂ ಅವರೇ. ಬೇರೆಯವರ ಗೇಮ್‌ಗಳಲ್ಲಿ ಅವನು ಲಿನಕ್ಸ್‌ನವರನ್ನು ಒಳಗೆ ಬಿಡುತ್ತಾನೆ. ಸ್ವಂತ ಫೋರ್ಟ್‌ನೈಟ್‌ಗೆ ಮಾತ್ರ ನೋ ಎಂಟ್ರಿ. ಅಡುಗೆಯವನು ಊರಿಗೆಲ್ಲ ಬಡಿಸಿ, ಅದೇ ಅಡುಗೆಯನ್ನು ತನ್ನ ಮಕ್ಕಳಿಗೆ ಮಾತ್ರ ಬೇಡ ಅಂದರೆ ನಿಮಗೇನು ಅನ್ನಿಸುತ್ತದೆ? ಎಪಿಕ್‌ನ ಯಜಮಾನ ಟಿಮ್ ಸ್ವೀನಿ 2018ರಲ್ಲಿ ಲಿನಕ್ಸ್ ಹಾಕಿಕೊಳ್ಳುವುದನ್ನು, ಅಮೆರಿಕದ ರಾಜಕೀಯ ಹಿಡಿಸಲಿಲ್ಲ ಅಂತ ಕೆನಡಾಕ್ಕೆ ಮನೆ ಬದಲಾಯಿಸುವುದಕ್ಕೆ ಹೋಲಿಸಿದ್ದರು. ನಾವು ಆಗಲೇ ಗಂಟುಮೂಟೆ ಕಟ್ಟಿ ಬಂದಾಗಿದೆ ಸ್ವಾಮಿ. ಹವಾ ಚೆನ್ನಾಗಿದೆ. ಫೋರ್ಟ್‌ನೈಟ್ ಒಂದು ಸಿಗುವುದಿಲ್ಲ, ಅಷ್ಟೇ.

ಲೀಗ್ ಆಫ್ ಲೆಜೆಂಡ್ಸ್‌ಗೆ 2024ರಲ್ಲಿ ವ್ಯಾನ್‌ಗಾರ್ಡ್ ಬಂದಾಗ ರಯಟ್‌ನವರು ಲೆಕ್ಕ ಕೊಟ್ಟರು: ಲಿನಕ್ಸ್‌ನಲ್ಲಿ ಆಡುವವರು ದಿನಕ್ಕೆ 800 ಚಿಲ್ಲರೆ ಜನ. ಲಕ್ಷಾಂತರ ಜನ ಆಡುವ ಗೇಮ್‌ನಲ್ಲಿ ಮೋಸವೆಲ್ಲ ಈ 800 ಜನರ ಸಂದಿಯಿಂದ ನುಗ್ಗಿಬಿಡುತ್ತದೆ ಅನ್ನುವ ಭಯ. ಮ್ಯಾಕ್‌ನಲ್ಲಿ ಮಾತ್ರ ಅದೇ ಆಟ ಕರ್ನೆಲ್ ಕಾವಲುಗಾರ ಇಲ್ಲದೆಯೇ ನಡೆಯುತ್ತದೆ. ಮ್ಯಾಕ್ ಇಟ್ಟುಕೊಂಡವರು ಮರ್ಯಾದಸ್ಥರು ಇರಬೇಕು.

ಹಾಗಾದರೆ ನಿಜವಾದ ಮೋಸಗಾರ ಎಲ್ಲಿದ್ದಾನೆ? ಅವನು ಆಗಲೇ ಇನ್ನೊಂದು ಕಂಪ್ಯೂಟರ್ ತಂದಿಟ್ಟುಕೊಂಡಿದ್ದಾನೆ. ಗೇಮ್ ಓಡುವ ಪಿಸಿಯ ಒಳಗೆ ಒಂದು ಡಿಎಂಎ ಕಾರ್ಡ್ ಸಿಕ್ಕಿಸುತ್ತಾನೆ. ಅದು ಪ್ರೊಸೆಸರ್‌ನ ಅಪ್ಪಣೆ ಕೇಳದೆ ಮೆಮೊರಿಯನ್ನು ನೇರವಾಗಿ ಓದಿ ಪಕ್ಕದ ಕಂಪ್ಯೂಟರ್‌ಗೆ ಕಳಿಸುತ್ತದೆ. ಯಾರು ಎಲ್ಲಿ ಅಡಗಿದ್ದಾರೆ ಅನ್ನುವುದೆಲ್ಲ ಆ ಎರಡನೇ ಸ್ಕ್ರೀನಿನಲ್ಲಿ ಕಾಣುತ್ತದೆ. ಕಾವಲುಗಾರ ಗರ್ಭಗುಡಿಯಲ್ಲಿ ಕಣ್ಣು ಕೆಂಪಗೆ ಮಾಡಿಕೊಂಡು ಕೂತಿದ್ದಾನೆ, ಕಳ್ಳ ಹಿತ್ತಿಲ ಗೋಡೆಗೆ ಕನ್ನ ಕೊರೆದಿದ್ದಾನೆ. ಇಷ್ಟೆಲ್ಲ ಖರ್ಚು ಮಾಡುವವನು ಆಡುವುದು ವಿಂಡೋಸ್‌ನಲ್ಲಿ. 2025ರ ಆಗಸ್ಟ್‌ನಲ್ಲಿ ಬ್ಯಾಟಲ್‌ಫೀಲ್ಡ್ 6 ಗೇಮ್‌ನ ಬೀಟಾ, ಅಂದರೆ ಪರೀಕ್ಷೆಗೆ ಬಿಟ್ಟ ಆವೃತ್ತಿ, ಬಂದಾಗ ಸಹಿ ಇಲ್ಲದ ಸಾಫ್ಟ್‌ವೇರನ್ನು ಬೂಟ್ ಆಗಲು ಬಿಡದ ಸೆಕ್ಯೂರ್ ಬೂಟ್ ಕಡ್ಡಾಯ, ಕರ್ನೆಲ್ ಕಾವಲು ಕಡ್ಡಾಯ, ಲಿನಕ್ಸ್ ನಿಷೇಧ, ಎಲ್ಲ ಏರ್ಪಾಡೂ ಇತ್ತು. ಆದರೂ ಶುರುವಾದ ಕೂಡಲೇ ವಾಲ್‌ಹ್ಯಾಕ್ ವಿಡಿಯೋಗಳು ಹರಿದಾಡಿದವು. ಮೋಸ ಮಾಡುವ 3,30,000 ಪ್ರಯತ್ನಗಳನ್ನು ತಡೆದಿದ್ದೇವೆ ಅಂತ ಇಎ ಹೆಮ್ಮೆಯಿಂದ ಹೇಳಿತು. ನಾನು ಬೆರಳು ಮಡಚಿ ಲೆಕ್ಕ ಹಾಕಿದೆ. ನಾವಂತೂ ಮೊದಲೇ ಒಳಗಿರಲಿಲ್ಲ. ಅಂದರೆ ಇವರೆಲ್ಲ ನಂಬಿಕಸ್ಥರು!

ಇನ್ನು ಕಾವಲುಗಾರರ ಚರಿತ್ರೆ ನೋಡಿ. 2013ರಲ್ಲಿ ಇಎಸ್‌ಇಎ ಅನ್ನುವ ಗೇಮಿಂಗ್ ಸಂಸ್ಥೆಯ ಆಂಟಿ-ಚೀಟ್ ಸಾಫ್ಟ್‌ವೇರ್, ಆಟಗಾರರ ಗ್ರಾಫಿಕ್ಸ್ ಕಾರ್ಡ್ ಬಳಸಿ ಕದ್ದುಮುಚ್ಚಿ ಬಿಟ್‌ಕಾಯಿನ್ ಅಗೆಯುತ್ತಿತ್ತು. ಫ್ಯಾನ್ ಯಾಕೆ ಇಷ್ಟು ಜೋರಾಗಿ ತಿರುಗುತ್ತಿದೆ ಅಂತ ನೋಡಿದವರಿಗೆ ಕಾವಲುಗಾರ ಗುದ್ದಲಿ ಸಮೇತ ಸಿಕ್ಕಿಬಿದ್ದ. 2022ರಲ್ಲಿ ಗೆನ್‌ಶಿನ್ ಇಂಪ್ಯಾಕ್ಟ್‌ನ ಆಂಟಿ-ಚೀಟ್ ಡ್ರೈವರ್ ಅನ್ನು, ಫೈಲ್‌ಗಳಿಗೆ ಬೀಗ ಹಾಕಿ ದುಡ್ಡು ಕೇಳುವ ರ‍್ಯಾನ್ಸಮ್‌ವೇರ್ ಮಾಡುವವರು ಎತ್ತಿಕೊಂಡು ಹೋದರು. ಸಹಿ, ಮೊಹರು ಎಲ್ಲ ಇದ್ದ ಡ್ರೈವರ್ ಆದ್ದರಿಂದ ವಿಂಡೋಸ್ ಅದಕ್ಕೆ ಸಲಾಂ ಹೊಡೆದು ಬಾಗಿಲು ತೆರೆಯಿತು. ಅದರ ಬಲದಲ್ಲೇ ಅವರು ಆಂಟಿವೈರಸ್ಸನ್ನು ಮುಗಿಸಿದರು. ಆ ಗೇಮ್ ಹಾಕಿಕೊಂಡೇ ಇರದ ಕಂಪ್ಯೂಟರ್‌ಗೂ ಆ ಡ್ರೈವರ್ ಒಂದನ್ನೇ ಹೊತ್ತುಕೊಂಡು ಹೋಗಬಹುದಿತ್ತು. ಕರ್ನೆಲ್‌ನಲ್ಲಿ ಕೂತವನು ಎಡವಿದರೆ ಏನಾಗುತ್ತದೆ ಅನ್ನುವುದನ್ನು 2024ರ ಜುಲೈ 19ರಂದು ಇಡೀ ಜಗತ್ತೇ ನೋಡಿತು. ಕ್ರೌಡ್‌ಸ್ಟ್ರೈಕ್ ಅನ್ನುವ ಸೆಕ್ಯೂರಿಟಿ ಕಂಪನಿಯ ಒಂದು ಕೆಟ್ಟ ಅಪ್‌ಡೇಟ್, 85 ಲಕ್ಷ ವಿಂಡೋಸ್ ಮಷಿನ್‌ಗಳ ಸ್ಕ್ರೀನ್ ನೀಲಿ, ಕೆಲಸ ಬಂದ್. ವಿಮಾನಗಳು ಹಾರಲಿಲ್ಲ. ಆಮೇಲೆ ಸೆಕ್ಯೂರಿಟಿ ಸಾಫ್ಟ್‌ವೇರ್‌ಗಳನ್ನು ಕರ್ನೆಲ್‌ನಿಂದ ಹೊರಗೆ ಕರೆತರುವ ಕೆಲಸಕ್ಕೆ ಮೈಕ್ರೋಸಾಫ್ಟೇ ಕೈಹಾಕಿತು. ಆಂಟಿವೈರಸ್ ಗಂಟು ಕಟ್ಟಿಕೊಂಡು ಹೊರಗೆ ಬರುತ್ತಿದೆ, ಎದುರಿಗೆ ಗೇಮ್‌ಗಳು ಹಾಸಿಗೆ ಹೊತ್ತುಕೊಂಡು ಒಳಗೆ ಹೋಗುತ್ತಿವೆ.

ಕಳ್ಳತನದ ಮಾತು ಬಂತು ಅಂತ ಇದೊಂದನ್ನೂ ಹೇಳುತ್ತೇನೆ. ಯೂಬಿಸಾಫ್ಟ್ 2014ರಲ್ಲಿ ದಿ ಕ್ರೂ ಅನ್ನುವ ಕಾರ್ ರೇಸ್ ಗೇಮ್ ಮಾರಿತು. 2024ರಲ್ಲಿ ಸರ್ವರ್ ನಿಲ್ಲಿಸಿತು. ಒಬ್ಬರೇ ಆಡೋಣ ಅಂದರೂ ಆಗದು. ಸಾಲದು ಅಂತ ದುಡ್ಡು ಕೊಟ್ಟವರ ಲೈಬ್ರರಿಯಿಂದ ಲೈಸೆನ್ಸನ್ನೂ ಕಿತ್ತುಕೊಂಡಿತು. ಆ ಸಿಟ್ಟಿನಿಂದ ಹುಟ್ಟಿದ ಸ್ಟಾಪ್ ಕಿಲ್ಲಿಂಗ್ ಗೇಮ್ಸ್ ಚಳವಳಿಗೆ ಯುರೋಪಿನಲ್ಲಿ 10 ಲಕ್ಷಕ್ಕೂ ಹೆಚ್ಚು ಸಹಿ ಬಿತ್ತು. ಮಾರಿದ ಸಾಮಾನನ್ನು ಹತ್ತು ವರ್ಷದ ಮೇಲೆ ಮನೆಗೆ ಬಂದು ಎತ್ತಿಕೊಂಡು ಹೋಗುವವರಿಗೆ ಕಾನೂನಿನ ಭಾಷೆಯಲ್ಲಿ ಲೈಸೆನ್ಸ್ ಕೊಟ್ಟವರು ಅನ್ನುತ್ತಾರೆ. ನಾವು ದೇವರ ಹಾಗೆ ನೋಡುವ ವಾಲ್ವ್ ಕೂಡ ಅದೇ 2024ರ ಅಕ್ಟೋಬರ್‌ನಿಂದ, ನೀವು ಕೊಳ್ಳುತ್ತಿರುವುದು ಲೈಸೆನ್ಸ್ ಮಾತ್ರ ಅಂತ ದುಡ್ಡು ಕೊಡುವ ಜಾಗದಲ್ಲೇ ಬರೆದಿದೆ. ನಾವು ಅದನ್ನು ಓದಿ, ಎಷ್ಟು ಪ್ರಾಮಾಣಿಕರು ನೋಡಿ ಅಂತ ಮೆಚ್ಚಿಕೊಂಡೆವು. ಭಕ್ತಿ ಅಂದರೆ ಹೀಗಿರಬೇಕು.

ನಮ್ಮವರ ಬಗ್ಗೆಯೂ ಎರಡು ಮಾತು ಹೇಳದಿದ್ದರೆ ಅನ್ಯಾಯ. 2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ರ ಸಪೋರ್ಟ್ ಮುಗಿಯಿತು. ಚೆನ್ನಾಗಿಯೇ ಓಡುತ್ತಿದ್ದ ಕಂಪ್ಯೂಟರ್‌ಗಳಿಗೆ, ಟಿಪಿಎಂ 2.0 ಅನ್ನುವ ಸೆಕ್ಯೂರಿಟಿ ಚಿಪ್ ಇಲ್ಲ, ವಿಂಡೋಸ್ 11 ಕೊಡಲ್ಲ ಅಂತ ಹೇಳಿ ಕಳಿಸಿದರು. ಅದೇ ತಿಂಗಳ ಸ್ಟೀಮ್ ಸರ್ವೇಯಲ್ಲಿ ಲಿನಕ್ಸ್ ಮೊದಲ ಸಲ 3 ಪರ್ಸೆಂಟ್ ದಾಟಿತು. ನಾವು ಕುಣಿದ ಕುಣಿತ ನೋಡಬೇಕಿತ್ತು. ಪರೀಕ್ಷೆಯಲ್ಲಿ ನೂರಕ್ಕೆ ಮೂರು ಬಂದಿದ್ದಕ್ಕೆ ಮೆರವಣಿಗೆ ಮಾಡಿದ್ದು ನಾವೇ ಇರಬೇಕು. ಮೆರವಣಿಗೆಯಲ್ಲೂ ನೆಟ್ಟಗೆ ನಡೆಯಲಿಲ್ಲ. ಲಿನಕ್ಸ್‌ನಲ್ಲೇ ಆರ್ಚ್ ಪಂಗಡದವರು ಒಂದು ಕಡೆ, ಫೆಡೋರಾ ಪಂಗಡದವರು ಒಂದು ಕಡೆ, ಸ್ಕ್ರೀನಿಗೆ ಚಿತ್ರ ತರಲು ವೇಲ್ಯಾಂಡ್ ಒಳ್ಳೆಯದೋ ಎಕ್ಸ್11 ಒಳ್ಳೆಯದೋ ಅಂತ ಮಧ್ಯರಸ್ತೆಯಲ್ಲಿ ಕಿತ್ತಾಟ. ಮೂರು ಪರ್ಸೆಂಟ್‌ನಲ್ಲಿ ಮೂವತ್ತು ಜಾತಿ.

ಆದರೆ ನಮ್ಮಲ್ಲೊಂದು ಒಳ್ಳೆಯ ಚಟ ಇದೆ. ಡೆಲ್ಟಾ-ವಿ ಅನ್ನುವ ಅಂತರಿಕ್ಷದ ಗೇಮ್ ಮಾಡಿದವರು 2021ರಲ್ಲಿ ಲೆಕ್ಕ ಬಿಚ್ಚಿಟ್ಟರು. ಕೊಂಡವರಲ್ಲಿ ಲಿನಕ್ಸ್‌ನವರು 6 ಪರ್ಸೆಂಟ್ ಕೂಡ ಇಲ್ಲ. ಬಂದ ಬಗ್ ರಿಪೋರ್ಟ್‌ಗಳಲ್ಲಿ ಮಾತ್ರ 38 ಪರ್ಸೆಂಟ್ ಅವರದ್ದೇ. ಅಬ್ಬಾ, ಎಂಥ ಕಿರಿಕಿರಿ ಗಿರಾಕಿಗಳು ಅನ್ನಿಸಿತಾ? ಲಿನಕ್ಸ್‌ನವರು ಕಳಿಸಿದ ಸುಮಾರು ನಾನೂರು ರಿಪೋರ್ಟ್‌ಗಳಲ್ಲಿ ಲಿನಕ್ಸ್‌ನದ್ದೇ ತೊಂದರೆ ಅನ್ನುವುದು ಬರೀ ಮೂರು. ಉಳಿದವು ಎಲ್ಲರಿಗೂ ಕಾಟ ಕೊಡುತ್ತಿದ್ದ ಬಗ್‌ಗಳು. ಬೇರೆಯವರು ಬೈದುಕೊಂಡು ಸುಮ್ಮನಾಗಿದ್ದರು, ನಮ್ಮವರು ಲಾಗ್ ಫೈಲ್ ಸಮೇತ ಕಳಿಸಿದ್ದರು. ಇಂಥ ಕಳ್ಳರು ಎಲ್ಲಾದರೂ ಸಿಗುತ್ತಾರಾ? ಬಾಗಿಲ ಚಿಲಕ ಸಡಿಲ ಇದೆ, ರಿಪೇರಿ ಮಾಡಿಸಿ ಅಂತ ಚೀಟಿ ಬರೆದಿಟ್ಟು ಹೋಗುವ ಕಳ್ಳರು.

ನನ್ನ ಗೆಳೆಯ ಒಬ್ಬನಿದ್ದಾನೆ, ಅಪ್ಪಟ ವಿಂಡೋಸ್ ಆಸಾಮಿ. ಒಂದು ಹೊಸ ಯುದ್ಧದ ಗೇಮ್ ಬಂತು, ಅದಕ್ಕೂ ಸೆಕ್ಯೂರ್ ಬೂಟ್ ಬೇಕೇ ಬೇಕು. ಅದನ್ನು ಆನ್ ಮಾಡುವುದು ಮದರ್‌ಬೋರ್ಡ್‌ನ ಸೆಟ್ಟಿಂಗ್ಸ್ ಆದ ಬಯಾಸ್‌ನಲ್ಲಿ. ಶನಿವಾರ ಬೆಳಿಗ್ಗೆ ಫೋನ್ ಮಾಡಿದ.

'ಗುರು, ಬಯಾಸ್‌ಗೆ ಹೋಗೋದು ಎಫ್2ನಾ, ಡಿಲೀಟಾ?'

ಹನ್ನೊಂದು ಗಂಟೆಗೆ ಡಿಸ್ಕಿನ ವಿಭಜನೆ ಪದ್ಧತಿಯನ್ನು ಹಳೆಯ ಎಂಬಿಆರ್‌ನಿಂದ ಹೊಸ ಜಿಪಿಟಿಗೆ ಬದಲಾಯಿಸುತ್ತಿದ್ದ. ಹನ್ನೆರಡಕ್ಕೆ ಸ್ಕ್ರೀನ್ ಕಪ್ಪು. ಒಂದೂವರೆಗೆ ಮದರ್‌ಬೋರ್ಡ್‌ನ ಸೆಲ್ ಕಿತ್ತು ಕೈಯಲ್ಲಿ ಹಿಡಿದುಕೊಂಡು ವಿಡಿಯೋ ಕಾಲ್ ಮಾಡಿದ. ಲಿನಕ್ಸ್ ತುಂಬಾ ಕಷ್ಟ, ಟರ್ಮಿನಲ್‌ನಲ್ಲಿ ಏನೇನೋ ಟೈಪ್ ಮಾಡಬೇಕು ಅಂತ ನನ್ನನ್ನು ಆರು ವರ್ಷದಿಂದ ರೇಗಿಸುತ್ತಿದ್ದವನು ಇವನೇ. ನಾನು ಏನೂ ಅನ್ನಲಿಲ್ಲ. ಸ್ವಲ್ಪ ನಕ್ಕೆ, ಅಷ್ಟೇ.

ಸಂಜೆ ಏಳಕ್ಕೆ ಮತ್ತೆ ಫೋನ್.

'ಒಳಗೆ ಹೋದೆ ಕಣೋ!'

'ಸರಿ, ಹೇಗಿದೆ?'

'ಯಾವನೋ ಗೋಡೆಯಾಚೆಯಿಂದಲೇ ತಲೆಗೆ ಹೊಡೆದ. ಮೂರು ಮ್ಯಾಚ್‌ನಲ್ಲೂ ಅವನೇ. ನಿಮ್ಮ ಲಿನಕ್ಸ್‌ನವನೇ ಇರಬೇಕು.'

'ನಮ್ಮವರನ್ನು ಒಳಗೇ ಬಿಡಲ್ವಲ್ಲೋ.'

ಸ್ವಲ್ಪ ಹೊತ್ತು ಆ ಕಡೆಯಿಂದ ಫ್ಯಾನ್ ತಿರುಗುವ ಸದ್ದು ಬಿಟ್ಟು ಬೇರೇನೂ ಕೇಳಲಿಲ್ಲ.

'ಹೋಗಲಿ, ನೀನೇನು ಆಡ್ತಿದ್ದೀಯ?'

'ಇನ್ನೂ ಶುರು ಆಗಿಲ್ಲ. ಗ್ರಾಫಿಕ್ಸ್ ಸಿದ್ಧ ಆಗ್ತಿದೆ, ಅದೇ ಶೇಡರ್ ಕಂಪೈಲ್.'

'ಯಾವಾಗಿನಿಂದ?'

'ನೀನು ಸೆಲ್ ಕಿತ್ತೆಯಲ್ಲ, ಆವಾಗಿನಿಂದ.'

'ಎಷ್ಟಾಯ್ತು?'

ನೋಡಿ ಹೇಳಿದೆ. ಮೂರು ಪರ್ಸೆಂಟ್.