ವೈರಾಗ್ಯವೋ ಖಿನ್ನತೆಯೋ: ಸಾಧನೆಯ ದಾರಿ, ಚಿಕಿತ್ಸೆಯ ದಾರಿ

ಕರ್ನಾಟಕದಿಂದ ದೂರ ನೆಲೆಸಿದ ನಮ್ಮಂಥವರ ನಡುವೆ ಮನಸ್ಸಿನ ಸಂಕಟದ ಮಾತು ಬಂದರೆ ಎರಡು ಸಲಹೆ ಒಟ್ಟಿಗೇ ಬರುತ್ತವೆ. ‘ಒಳ್ಳೆ ಥೆರಪಿಸ್ಟ್ ಹತ್ರ ಹೋಗು’ ಅನ್ನುವವರು ಒಂದು ಕಡೆ, ‘ಬೆಳಗ್ಗೆ ಎದ್ದು ಧ್ಯಾನಕ್ಕೆ ಕೂರು, ಎಲ್ಲ ಸರಿಹೋಗುತ್ತೆ’ ಅನ್ನುವವರು ಇನ್ನೊಂದು ಕಡೆ. ಇವರಲ್ಲದೆ, ಎರಡೂ ಒಂದೇ, ಹೆಸರು ಮಾತ್ರ ಬೇರೆ ಅನ್ನುವ ಮೂರನೆಯ ಗುಂಪೂ ಇದೆ. ನನ್ನ ತಕರಾರು ಹೆಚ್ಚಾಗಿ ಈ ಮೂರನೆಯವರ ಜೊತೆ. ಅಧ್ಯಾತ್ಮಕ್ಕೂ ಮನಶ್ಶಾಸ್ತ್ರಕ್ಕೂ ನಂಟಿದೆ, ನಿಜ. ಆದರೆ ಒಂದರ ಕೆಲಸವನ್ನು ಇನ್ನೊಂದಕ್ಕೆ ಒಪ್ಪಿಸಿದಾಗ ಜನ ನರಳುತ್ತಾರೆ. ಹಾಗೆ ಅದಲುಬದಲಾಗುವ ಜಾಗಗಳು ಕೆಲವೇ ಇವೆ, ಅವನ್ನು ಗುರುತಿಸಲೂ ಬರುತ್ತದೆ.

1960ರ ದಶಕದಲ್ಲಿ ಅಮೆರಿಕದ ಮನೋವೈದ್ಯ ಏರನ್ ಬೆಕ್ ರೂಪಿಸಿದ, ಯೋಚನೆಯ ಧಾಟಿಯನ್ನು ಪರೀಕ್ಷಿಸಿ ತಿದ್ದುವ ಕಾಗ್ನಿಟಿವ್ ಥೆರಪಿಯ ಮುಖ್ಯ ಸಾಧನ ಒಂದು ಬರವಣಿಗೆಯ ಹಾಳೆ. ಏನಾಯಿತು, ಆಗ ತಲೆಗೆ ಬಂದ ಯೋಚನೆ ಯಾವುದು, ಯಾವ ಭಾವನೆ, ಅದು ನೂರಕ್ಕೆ ಎಷ್ಟು, ಆ ಯೋಚನೆಯ ಪರವಾಗಿ ಏನು ಪುರಾವೆ ಇದೆ, ವಿರುದ್ಧವಾಗಿ ಏನಿದೆ, ಎರಡನ್ನೂ ತೂಗಿದರೆ ಏನು ಹೇಳಬಹುದು, ಈಗ ಆ ಭಾವನೆ ನೂರಕ್ಕೆ ಎಷ್ಟಕ್ಕೆ ಇಳಿಯಿತು. ಸಾಮಾನ್ಯವಾಗಿ 12ರಿಂದ 20 ಭೇಟಿ, ಒಂದೊಂದೂ ಸುಮಾರು 50 ನಿಮಿಷ. ನಿದ್ದೆ, ಕೆಲಸ, ಸಂಬಂಧಗಳು ಹಳಿಗೆ ಬಂದರೆ ಥೆರಪಿ ಮುಗಿಯಿತು.

ಇದೆಲ್ಲ ಪತಂಜಲಿ ಆಗಲೇ ಹೇಳಿದ್ದ ಎನ್ನುವವರು ಯೋಗಸೂತ್ರದ ಎರಡನೆಯ ಪಾದದ 33ನೆಯ ಸೂತ್ರ ತೋರಿಸುತ್ತಾರೆ: ವಿತರ್ಕಗಳು ಬಾಧಿಸಿದಾಗ ಪ್ರತಿಪಕ್ಷ ಭಾವನೆ ಮಾಡು. ಮುಂದಿನ ಸೂತ್ರವನ್ನೂ ಓದಬೇಕು. ಅಲ್ಲಿ ವಿತರ್ಕ ಎಂದರೆ ಹಿಂಸೆ ಮೊದಲಾದವು. ತಾನು ಮಾಡಿದ್ದು, ಮಾಡಿಸಿದ್ದು, ಒಪ್ಪಿದ್ದು ಮೂರೂ ಸೇರಿ. ಅವುಗಳ ಫಲ ಮುಗಿಯದ ದುಃಖ, ಅಜ್ಞಾನ ಎಂದು ನೆನೆಯುವುದೇ ಪ್ರತಿಪಕ್ಷ. ಬೆಕ್‌ನ ಹಾಳೆ ‘ನಾನು ಯಾವುದಕ್ಕೂ ಬಾರದವನು’ ಎಂಬ ಮಾತು ನಿಜವೇ ಎಂದು ಪರೀಕ್ಷಿಸುತ್ತದೆ. ಸೂತ್ರ ಕೇಳುವುದು ಈ ದಾರಿಯಲ್ಲಿ ಹೋಗಬಹುದೇ ಎಂದು. ಒಂದು ಪುರಾವೆಯ ಪ್ರಶ್ನೆ, ಇನ್ನೊಂದು ಧರ್ಮದ ಪ್ರಶ್ನೆ. ಎರಡನ್ನೂ ಬೆರೆಸಿದರೆ, ಖಿನ್ನತೆಯಲ್ಲಿರುವವನು ತನ್ನ ನಿರಾಶೆಯ ಯೋಚನೆಯನ್ನೇ ಪಾಪವೆಂದು ತಿಳಿದು ಇನ್ನಷ್ಟು ಕುಗ್ಗುತ್ತಾನೆ.

ಹಾಗೆಂದು ಹಳೆಯ ಸಾಧಕರಿಗೆ ಕಾಯಿಲೆಯ ಅರಿವಿರಲಿಲ್ಲ ಎನ್ನಲಾಗದು. ಮೊದಲ ಪಾದದ 30ನೆಯ ಸೂತ್ರ ಹೇಳುವ ಒಂಬತ್ತು ಅಡ್ಡಿಗಳಲ್ಲಿ ಮೊದಲನೆಯದೇ ವ್ಯಾಧಿ. ಅದರ ಮುಂದಿನದರಲ್ಲಿ ದುಃಖ, ಮನಸ್ಸು ಕುಗ್ಗುವುದು, ಮೈ ನಡುಗುವುದು, ಉಸಿರು ಏರುಪೇರಾಗುವುದು ಒಟ್ಟಿಗೆ ಬರುತ್ತವೆ. ಇವತ್ತಿನ ಯಾವ ಆತಂಕದ ರೋಗಿಯೂ ಇದು ತನ್ನದೇ ವಿವರ ಎನ್ನುತ್ತಾನೆ. ಈಜಿಪ್ಟಿನ ಮರಳುಗಾಡಿನಲ್ಲಿ 4ನೆಯ ಶತಮಾನದಲ್ಲಿದ್ದ ಸನ್ಯಾಸಿ ಇವಾಗ್ರಿಯಸ್, ನಡುಹಗಲಲ್ಲಿ ಸಾಧಕನನ್ನು ಹಿಡಿಯುವ ಬೇಸರದ ಬಗ್ಗೆ ಬರೆದಿದ್ದಾನೆ: ಸೂರ್ಯ ಕದಲುವುದೇ ಇಲ್ಲ, ಹಗಲಿಗೆ ಐವತ್ತು ಗಂಟೆ ಇದ್ದಂತೆ ತೋರುತ್ತದೆ.

ಎಲ್ಲಕ್ಕಿಂತ ಹೆಚ್ಚು ಗೊಂದಲ ವೈರಾಗ್ಯ ಮತ್ತು ಖಿನ್ನತೆಯ ನಡುವೆ. ಎರಡರಲ್ಲೂ ಮೊದಲು ಕಾಣುವುದು ಆಸಕ್ತಿ ಕಳೆದುಹೋದದ್ದು. ಮನೋವೈದ್ಯರು ಖಿನ್ನತೆ ಎನ್ನಲು ಒಂಬತ್ತು ಲಕ್ಷಣಗಳಲ್ಲಿ ಕನಿಷ್ಠ ಐದು, ಎರಡು ವಾರ, ಹೆಚ್ಚುಕಡಿಮೆ ಪ್ರತಿದಿನ ಇರಬೇಕು. ಅವುಗಳಲ್ಲಿ ಒಂದು ಕುಗ್ಗಿದ ಮನಸ್ಸು ಅಥವಾ ಆಸಕ್ತಿ ಇಲ್ಲದಿರುವುದು ಆಗಿರಲೇಬೇಕು. ಉಳಿದವು ನಿದ್ದೆ, ಹಸಿವು ಅಥವಾ ತೂಕ, ದಣಿವು, ಚಲನೆ ನಿಧಾನವಾಗುವುದು ಅಥವಾ ಚಡಪಡಿಕೆ, ತಾನು ಅಯೋಗ್ಯ ಎಂಬ ತಪ್ಪಿತಸ್ಥ ಭಾವ, ಗಮನ ನಿಲ್ಲದಿರುವುದು, ಸಾವಿನ ಯೋಚನೆ. ವೈರಾಗ್ಯದಲ್ಲಿ ವಸ್ತುಗಳ ಹಂಬಲ ಸಡಿಲಾಗುತ್ತದೆ, ಆದರೆ ನಿದ್ದೆ ಕೆಡುವುದಿಲ್ಲ, ಗಮನ ಇನ್ನೂ ಹರಿತವಾಗುತ್ತದೆ, ಎದುರಿಗಿರುವವರ ಮೇಲಿನ ಅಕ್ಕರೆ ಹೆಚ್ಚುತ್ತದೆ. ಖಿನ್ನತೆಯಲ್ಲಿ ಹಂಬಲದ ಜೊತೆ ಅಕ್ಕರೆಯೂ ಬತ್ತುತ್ತದೆ. ಬೆಳಗಿನ ಜಾವ ಮೂರಕ್ಕೇ ಎಚ್ಚರವಾಗಿ ಮತ್ತೆ ನಿದ್ದೆ ಬಾರದವನಿಗೆ ‘ಬ್ರಾಹ್ಮೀ ಮುಹೂರ್ತಕ್ಕೆ ತಾನಾಗಿಯೇ ಎಚ್ಚರವಾಗ್ತಿದೆಯಲ್ಲ, ಒಳ್ಳೇದೇ’ ಎಂದು ಹೇಳುವುದು ಅಪಾಯ. ಎದ್ದಾಗ ಮನಸ್ಸು ಹಗುರವೋ ಭಾರವೋ ಎಂದು ಕೇಳಬೇಕು.

ಈ ವ್ಯತ್ಯಾಸವನ್ನು ಸ್ಪೇನಿನ ಸಂತ, ಶಿಲುಬೆಯ ಯೋಹಾನ, 16ನೆಯ ಶತಮಾನದಲ್ಲೇ ಎತ್ತಿದ್ದ. ಪ್ರಾರ್ಥನೆ ಒಣಗಿದಾಗ ಅದು ಸಾಧನೆಯ ಹಂತವೋ ದೇಹದಿಂದ ಹುಟ್ಟಿದ ವಿಷಾದವೋ (ನಾವು ಈಗ ಖಿನ್ನತೆ ಎನ್ನುವಂಥದ್ದು) ಎಂದು ತಿಳಿಯಲು ಮೂರು ಗುರುತು ಕೊಡುತ್ತಾನೆ. ದೇವರ ವಿಷಯದಲ್ಲಾಗಲಿ ಲೋಕದ ವಿಷಯದಲ್ಲಾಗಲಿ ರುಚಿ ಇಲ್ಲದಿರುವುದು ಮೊದಲನೆಯದು. ಇದೊಂದೇ ಸಾಲದು, ಯಾಕೆಂದರೆ ವಿಷಾದದಲ್ಲೂ ಹೀಗೇ ಆಗುತ್ತದೆ ಎಂದು ಅವನೇ ಎಚ್ಚರಿಸುತ್ತಾನೆ. ಎರಡನೆಯದಾಗಿ, ತಾನು ದೇವರ ಸೇವೆಯಲ್ಲಿ ಹಿಂದೆ ಬೀಳುತ್ತಿದ್ದೇನೆ ಎಂಬ ಕಳವಳ ಉಳಿದಿರಬೇಕು, ಮೂರನೆಯದಾಗಿ, ಮೊದಲಿನಂತೆ ಕಲ್ಪನೆಯಿಂದ ಧ್ಯಾನಿಸಲು ಆಗದಿರಬೇಕು. ಆಧ್ಯಾತ್ಮಿಕ ಮಾರ್ಗದರ್ಶಕನೊಬ್ಬ ರೋಗನಿರ್ಣಯದ ಬಗ್ಗೆ ಇಷ್ಟು ಜಾಗರೂಕನಾಗಿರುವುದು ನನಗೆ ತುಂಬಾ ಮೆಚ್ಚುಗೆಯ ಸಂಗತಿ.

ಖಿನ್ನತೆ ಎಂದು ಗೊತ್ತಾದ ಮೇಲೆ ಸಾಧನೆ ಬಿಡಬೇಕಿಲ್ಲ, ರೂಪ ಬದಲಿಸಬೇಕು. ಒಬ್ಬರೇ ಕಣ್ಣು ಮುಚ್ಚಿ ಗಂಟೆಗಟ್ಟಲೆ ಕೂತರೆ ಹಳೆಯ ಯೋಚನೆಗಳು ಗಾಣದಂತೆ ಸುತ್ತತೊಡಗುತ್ತವೆ. ಕೂರುವುದನ್ನು 5ರಿಂದ 10 ನಿಮಿಷಕ್ಕೆ ಇಳಿಸಿ, ಉಳಿದ ಹೊತ್ತನ್ನು ನಡಿಗೆಗೆ, ಗಟ್ಟಿಯಾಗಿ ಹಾಡುವ ಭಜನೆಗೆ, ನಾಲ್ಕು ಜನರ ಜೊತೆಗಿನ ಸೇವೆಗೆ ಕೊಡಬೇಕು. ದಿನಕ್ಕೆ ಒಂದೆರಡು ಸಣ್ಣ ಕೆಲಸ ನಿಗದಿ ಮಾಡಿ, ಮನಸ್ಸು ಬರಲಿ ಬಾರದಿರಲಿ ಮಾಡಿ ಮುಗಿಸುವುದು ಖಿನ್ನತೆಯ ಚಿಕಿತ್ಸೆಯಲ್ಲಿ ಚೆನ್ನಾಗಿ ಪರೀಕ್ಷೆಗೊಳಗಾದ ವಿಧಾನ. ಸಾಯುವ ಯೋಚನೆ ಬರುತ್ತಿದೆ ಎಂದರೆ ಮಾತ್ರ ಮುಂದಿನ ಭೇಟಿಗೋ ಮುಂದಿನ ಸತ್ಸಂಗಕ್ಕೋ ಕಾಯಬಾರದು. ಅವತ್ತೇ ವೈದ್ಯರನ್ನು ಕಾಣಬೇಕು.

ಎರಡನೆಯ ಗೊಂದಲ ಜಪ ಮತ್ತು ಗೀಳಿನದು. ನಿಷ್ಠೆಯ ಜಪ ಎಣಿಕೆ ತಪ್ಪಿದರೂ ಮುಂದೆ ಸಾಗುತ್ತದೆ. ಗೀಳು ಮೊದಲಿನಿಂದ ಶುರು ಮಾಡಿಸುತ್ತದೆ. ಉಚ್ಚಾರ ಸರಿಯಾಗಲಿಲ್ಲ, ನಡುವೆ ಕೆಟ್ಟ ಯೋಚನೆ ಬಂತು, ಕೈ ಶುದ್ಧವಿರಲಿಲ್ಲ, ಹೀಗಾಗಿ ಮತ್ತೆ, ಇನ್ನೊಮ್ಮೆ. ಮುಗಿದಾಗ ಸಿಗುವುದು ಸಂತೋಷವಲ್ಲ, ಭಯ ಒಂದಿಷ್ಟು ತಗ್ಗುವುದು ಮಾತ್ರ. ಅದೂ ಸ್ವಲ್ಪ ಹೊತ್ತು. ದಿನಕ್ಕೆ ಒಂದು ಗಂಟೆಗಿಂತ ಹೆಚ್ಚು ಹೊತ್ತು ಇದರಲ್ಲೇ ಹೋಗುತ್ತಿದ್ದರೆ, ಅಥವಾ ಬದುಕಿನ ಉಳಿದ ಕೆಲಸಗಳಿಗೆ ಅಡ್ಡಿಯಾದರೆ, ಅದು ಚಿಕಿತ್ಸೆಯ ವಿಷಯ. ದೇವರ ಮುಂದೆ ನಿಂತಾಗಲೇ ಅಶ್ಲೀಲ ಅಥವಾ ನಿಂದೆಯ ಯೋಚನೆ ನುಗ್ಗುವುದು ಇದರ ಸಾಮಾನ್ಯ ರೂಪ. ತಳ್ಳಿದಷ್ಟೂ ಅದು ಹೆಚ್ಚುತ್ತದೆ. ನಾಚಿಕೆಯಿಂದ ಯಾರಿಗೂ ಹೇಳದೆ ವರ್ಷಗಟ್ಟಲೆ ಸಹಿಸುವವರಿದ್ದಾರೆ. ಅವರಿಗೆ ಇದು ಕಾಯಿಲೆ, ಪಾಪವಲ್ಲ ಎಂದು ತಿಳಿಸಿದರೇ ಅರ್ಧ ಭಾರ ಇಳಿಯುತ್ತದೆ.

ಇದರ ಚಿಕಿತ್ಸೆ ಎದುರಿಸುವುದು ಮತ್ತು ಪ್ರತಿಕ್ರಿಯೆ ತಡೆಯುವುದು. ಕಡಿಮೆ ಭಯ ಹುಟ್ಟಿಸುವುದರಿಂದ ಶುರು ಮಾಡಿ ಮೆಟ್ಟಿಲು ಮೆಟ್ಟಿಲಾಗಿ ಏರಬೇಕು: ಒಮ್ಮೆ ತಪ್ಪಾಗಿ ಜಪಿಸಿ ಹಾಗೇ ಬಿಡುವುದು, ಕೆಟ್ಟ ಯೋಚನೆ ಬಂದರೂ ಪರಿಹಾರದ ಮಂತ್ರ ಹೇಳದಿರುವುದು, ಭಯ ತಾನಾಗಿ ಇಳಿಯುವ ತನಕ ಕಾಯುವುದು. ಇಲ್ಲಿ ಗುರುವಿನ ಪಾತ್ರ ದೊಡ್ಡದು. ‘ಇದು ದೋಷವೇ?’ ಎಂದು ಶಿಷ್ಯ ಕೇಳಿದಾಗಲೆಲ್ಲ ‘ಇಲ್ಲಪ್ಪ’ ಎಂದು ಸಮಾಧಾನ ಹೇಳುತ್ತಾ ಹೋದರೆ ಆ ಸಮಾಧಾನವೇ ಗೀಳಿನ ಭಾಗವಾಗುತ್ತದೆ. ಒಂದೇ ಸಲ ನಿಯಮ ಹೇಳಿ, ಮತ್ತೆ ಉತ್ತರ ಕೊಡದಿರುವುದು ಕರುಣೆ. ಮುಂದೆ ಜೆಸ್ವಿಟ್ ಸಂಘ ಕಟ್ಟಿದ ಕ್ರೈಸ್ತ ಸಂತ ಇಗ್ನೇಷಿಯಸ್ ಲೊಯೋಲಾ 1522ರಲ್ಲಿ ಸ್ಪೇನಿನ ಮಾನ್ರೇಸಾ ಊರಿನಲ್ಲಿ ಇದೇ ಸಂಕಟದಲ್ಲಿದ್ದ. ಹಳೆಯ ಪಾಪಗಳನ್ನು ಪಾದ್ರಿಯ ಮುಂದೆ ಮತ್ತೆ ಮತ್ತೆ ಹೇಳಿಕೊಳ್ಳುತ್ತಿದ್ದ. ಬಹಳ ಸ್ಪಷ್ಟವಾದದ್ದನ್ನು ಮಾತ್ರ ಹೇಳು ಎಂದು ಪಾದ್ರಿ ಅಪ್ಪಣೆ ಕೊಟ್ಟರೆ, ಅವನಿಗೆ ಎಲ್ಲವೂ ಸ್ಪಷ್ಟವಾಗಿಯೇ ಕಂಡಿತು. ಪ್ರಾಣ ಕಳೆದುಕೊಳ್ಳುವ ಯೋಚನೆಯ ತನಕ ಹೋಗಿ, ಕೊನೆಗೆ ಹಳೆಯದನ್ನು ಹೇಳಿಕೊಳ್ಳುವುದನ್ನೇ ನಿಲ್ಲಿಸಿದ. ಮುಂದೆ ಅತಿ ಸೂಕ್ಷ್ಮ ಮನಸ್ಸಿನವರಿಗೆ ಅವನು ಬರೆದ ಸಲಹೆ, ಆ ಒತ್ತಡಕ್ಕೆ ವಿರುದ್ಧ ದಿಕ್ಕಿನಲ್ಲಿ ನಡೆ ಎಂಬುದು. ಚಿಕಿತ್ಸಕರು ಸುಮಾರು ನಾಲ್ಕೂವರೆ ಶತಮಾನದ ನಂತರ ಅದನ್ನೇ ವಿಧಾನವಾಗಿ ಕಟ್ಟಿದರು.

ಧ್ಯಾನವನ್ನು ಚಿಕಿತ್ಸೆಯ ಕೋಣೆಗೆ ತಂದವರಲ್ಲಿ ಮುಖ್ಯರು ಜಾನ್ ಕಬಟ್-ಜಿನ್. 1979ರಲ್ಲಿ ಮ್ಯಾಸಚೂಸೆಟ್ಸ್ ವಿಶ್ವವಿದ್ಯಾಲಯದ ವೈದ್ಯಕೀಯ ಕೇಂದ್ರದಲ್ಲಿ ಶುರುವಾದ ಅವರ ಕಾರ್ಯಕ್ರಮ 8 ವಾರದ್ದು. ವಾರಕ್ಕೊಮ್ಮೆ ಸುಮಾರು ಎರಡೂವರೆ ಗಂಟೆಯ ತರಗತಿ, ಮನೆಯಲ್ಲಿ ದಿನಕ್ಕೆ 45 ನಿಮಿಷ, ಒಂದು ಪೂರ್ಣ ದಿನದ ಮೌನ. ವ್ರತ, ಶೀಲ, ದೀಕ್ಷೆ ಬಿಟ್ಟು ಗಮನದ ಅಭ್ಯಾಸವನ್ನಷ್ಟೇ ಇಟ್ಟುಕೊಂಡರು. ಇದರ ಮೇಲೆ ಕಟ್ಟಿದ ಖಿನ್ನತೆಯ ಚಿಕಿತ್ಸೆಯ ಬಗ್ಗೆ 2000ದಲ್ಲಿ ಟೀಸ್‌ಡೇಲ್ ಮತ್ತು ಸಂಗಡಿಗರು ಪ್ರಕಟಿಸಿದ ಅಧ್ಯಯನ ಗಮನಿಸಿ. ಮೂರು ಅಥವಾ ಹೆಚ್ಚು ಸಲ ಖಿನ್ನತೆ ಬಂದುಹೋದವರಲ್ಲಿ, ಎಂದಿನ ಚಿಕಿತ್ಸೆಯಷ್ಟೇ ಪಡೆದವರ ಪೈಕಿ 66%ಗೆ ಅದು ಮರಳಿತು, ಧ್ಯಾನವನ್ನೂ ಕಲಿತವರಲ್ಲಿ ಸುಮಾರು 40%ಗೆ. ಎರಡೇ ಸಲ ಬಂದವರಿಗೆ ಏನೂ ಪ್ರಯೋಜನ ಕಾಣಲಿಲ್ಲ. ಇದು ಗುಣವಾದ ಮೇಲೆ ಮರಳದಂತೆ ತಡೆಯುವ ಕ್ರಮ. ಯಾರಿಗೆ ಆಗುತ್ತದೆ, ಯಾರಿಗೆ ಆಗದು ಎಂದು ವಿಂಗಡಿಸುವುದು ಮನಶ್ಶಾಸ್ತ್ರದ ದೊಡ್ಡ ಗುಣ. ನಮ್ಮ ಹಳೆಯ ದಾರಿಯಲ್ಲೂ ಅಧಿಕಾರಿ ಭೇದ ಇತ್ತು, ಗುರು ಆಳು ನೋಡಿ ಸಾಧನೆ ಕೊಡುತ್ತಿದ್ದ. ಮೊಬೈಲ್ ಆ್ಯಪ್‌ಗಳೂ ಎಲ್ಲರಿಗೂ ಒಂದೇ ಪಾಠ ಹೇಳುವ ಶಿಬಿರಗಳೂ ಈ ಎರಡನ್ನೂ ಕೈಬಿಟ್ಟಿವೆ ಎಂಬುದು ನನಗೆ ನೋವಿನ ವಿಷಯ.

ದೀರ್ಘ ಮೌನ ಶಿಬಿರಗಳಲ್ಲಿ ಆಗುವ ತೊಂದರೆಗೆ ಕಾರಣಗಳು ಗೊತ್ತಿವೆ. ನಿದ್ದೆ ಕಡಿಮೆ, ಮಾತಿಲ್ಲ, ದಿನಕ್ಕೆ ಹತ್ತು ಗಂಟೆಯ ಕೂರುವಿಕೆ. ಬೈಪೋಲಾರ್ ಕಾಯಿಲೆ (ಖಿನ್ನತೆಯೂ ಮಿತಿಮೀರಿದ ಉತ್ಸಾಹದ ಉನ್ಮಾದವೂ ಬಂದುಹೋಗುವ ಕಾಯಿಲೆ) ಇರುವವರಲ್ಲಿ ನಿದ್ದೆಗೇಡು ಒಂದೇ ಉನ್ಮಾದವನ್ನು ಕೆರಳಿಸಬಲ್ಲದು. ಎರಡು ಮೂರು ಗಂಟೆ ಮಲಗಿ ದಣಿವೇ ಇಲ್ಲ ಅನ್ನುವುದು, ಮಾತು ಓಡುವುದು, ತನಗೆ ವಿಶೇಷ ಕರೆ ಬಂದಿದೆ ಎಂಬ ನಂಬಿಕೆ ಒಟ್ಟಿಗೆ ಕಂಡರೆ ಅದನ್ನು ಸಾಧನೆಯ ಫಲ ಎಂದು ಹರಸಬೇಡಿ. ಹಿಂದೆ ಆಘಾತ ಅನುಭವಿಸಿದವರಿಗೆ ಉಸಿರಿನ ಮೇಲಿನ ಗಮನವೇ ದಿಗಿಲು ತರಬಹುದು. ಅಂಥವರು ಕಣ್ಣು ತೆರೆದು, ಅಂಗಾಲು ನೆಲ ಮುಟ್ಟುವುದನ್ನೋ ಹೊರಗಿನ ಸದ್ದನ್ನೋ ಗಮನಿಸಲಿ. ದಿಗಿಲು ಏರುತ್ತಿದ್ದರೆ ಎದ್ದು ನಡೆಯುವ ಅನುಮತಿ ಮೊದಲೇ ಇರಬೇಕು. ‘ಕೂತೇ ದಾಟು’ ಎಂಬ ಸಲಹೆ ಅವರಿಗಲ್ಲ.

ಔಷಧದ ವಿಷಯದಲ್ಲಿ ನನಗೆ ಯಾವ ರಾಜಿಯೂ ಇಲ್ಲ. ಖಿನ್ನತೆಯ ಮಾತ್ರೆಯನ್ನು ಒಮ್ಮೆಲೇ ನಿಲ್ಲಿಸಿದರೆ ಕೆಲವೇ ದಿನಗಳಲ್ಲಿ ತಲೆಸುತ್ತು, ವಾಕರಿಕೆ, ಸಿಡುಕು, ತಲೆಯಲ್ಲಿ ಕರೆಂಟು ಹೊಡೆದಂತಾಗುವುದು ಬರಬಹುದು. ಅದನ್ನು ‘ಒಳಗಿನ ಕೊಳೆ ಹೊರಹೋಗುತ್ತಿದೆ’ ಎಂದು ವಿವರಿಸುವವರಿದ್ದಾರೆ. ಅದು ಔಷಧ ನಿಂತದ್ದಕ್ಕೆ ದೇಹ ತೋರುವ ಪ್ರತಿಕ್ರಿಯೆ; ಬಿಡಲೇಬೇಕಿದ್ದರೆ ವೈದ್ಯರ ಜೊತೆ ವಾರಗಳು, ಕೆಲವೊಮ್ಮೆ ತಿಂಗಳುಗಳ ಕಾಲ ಪ್ರಮಾಣ ತಗ್ಗಿಸುತ್ತಾ ಬಿಡಬೇಕು. ಬೈಪೋಲಾರ್ ಕಾಯಿಲೆಗೆ ಕೊಡುವ ಲಿಥಿಯಂ ತೆಗೆದುಕೊಳ್ಳುವವರು ಉಪವಾಸಕ್ಕೆ ಮುಂಚೆ ವೈದ್ಯರನ್ನು ಕೇಳಲೇಬೇಕು. ನೀರು, ಉಪ್ಪು ಕಡಿಮೆಯಾದರೆ ಮೂತ್ರಪಿಂಡ ಲಿಥಿಯಂ ಅನ್ನು ಹಿಡಿದಿಟ್ಟುಕೊಳ್ಳುತ್ತದೆ, ರಕ್ತದಲ್ಲಿ ಅದರ ಮಟ್ಟ ಏರಿ ವಿಷವಾಗುತ್ತದೆ. ಕೈ ಜೋರಾಗಿ ನಡುಗುವುದು, ವಾಂತಿ, ಭೇದಿ, ಮಾತು ತೊದಲುವುದು ಅದರ ಗುರುತು.

ಚಿಕಿತ್ಸೆಯ ಕಡೆಯವರ ತಪ್ಪೂ ಇದೆ. ದೇವರ ಮಾತು ಬಂದ ಕೂಡಲೇ ಅದನ್ನು ರೋಗಲಕ್ಷಣದ ಪಟ್ಟಿಗೆ ಸೇರಿಸುವ ಚಾಳಿ ಬಹಳ ಕಾಲ ಇತ್ತು. 1994ರಲ್ಲಿ ಅಮೆರಿಕದ ಮನೋವೈದ್ಯರ ರೋಗವರ್ಗೀಕರಣ ಕೈಪಿಡಿ, ಧಾರ್ಮಿಕ ಅಥವಾ ಆಧ್ಯಾತ್ಮಿಕ ಸಮಸ್ಯೆಯನ್ನು ಕಾಯಿಲೆಯಲ್ಲದ, ಆದರೂ ಗಮನ ಕೊಡಬೇಕಾದ ವಿಷಯವಾಗಿ ಸೇರಿಸಿಕೊಂಡಿತು. ನಂಬಿಕೆ ಕಳೆದುಕೊಂಡವನ ದುಃಖ, ಗುರುವಿನಿಂದ ದೂರವಾದವಳ ಕಳವಳ ಇವೆಲ್ಲ ಅಲ್ಲಿಗೆ ಬರುತ್ತವೆ.

ಹಾಗಾಗಿ ಥೆರಪಿಸ್ಟನ್ನು ಕಾಣುವಾಗ ಮೊದಲ ಭೇಟಿಯಲ್ಲೇ ನಿಮ್ಮ ಸಾಧನೆಯ ವಿವರ ಹೇಳಿ: ಯಾವ ಅಭ್ಯಾಸ, ದಿನಕ್ಕೆ ಎಷ್ಟು ಹೊತ್ತು, ಎಷ್ಟು ವರ್ಷದಿಂದ, ಯಾರ ಮಾರ್ಗದರ್ಶನ, ಇತ್ತೀಚೆಗೆ ಏನು ಬದಲಾಯಿತು. ಯಾವುದನ್ನು ಬಿಡಲು ನೀವು ಸಿದ್ಧರಿಲ್ಲ ಎಂಬುದನ್ನೂ ಹೇಳಿ. ಅದನ್ನು ಕೇಳಿ ಮುಗುಳ್ನಕ್ಕು ಮುಂದೆ ಸಾಗುವವರಾದರೆ ಬೇರೆಯವರನ್ನು ಹುಡುಕಿ. ಧ್ಯಾನ ಕಲಿಸುವವರೂ ಹೊಸಬರನ್ನು ಸೇರಿಸಿಕೊಳ್ಳುವ ಮುನ್ನ ನಾಲ್ಕು ಪ್ರಶ್ನೆ ಕೇಳಲೇಬೇಕು: ಈಗ ಯಾವ ಮಾತ್ರೆ ತೆಗೆದುಕೊಳ್ಳುತ್ತಿದ್ದೀರಿ, ಮನೋವೈದ್ಯರನ್ನು ಎಂದಾದರೂ ಕಂಡಿದ್ದೀರಾ, ಕಳೆದ ಎರಡು ವಾರ ನಿದ್ದೆ ಹೇಗಿತ್ತು, ತೊಂದರೆಯಾದರೆ ಯಾರಿಗೆ ಫೋನ್ ಮಾಡಬೇಕು. ಉತ್ತರಗಳನ್ನು ಬರೆದಿಟ್ಟುಕೊಂಡು, ಶಿಬಿರದ ಮೂರನೆಯ ದಿನ ನಿದ್ದೆಯ ಪ್ರಶ್ನೆಯನ್ನು ಇನ್ನೊಮ್ಮೆ ಕೇಳಬೇಕು.